ಒಂದು ಸ್ಕ್ರೂ ಸುಮ್ನೆ ತಿರುಗ್ತಿದೆ ಅಂದ್ಯಲ್ಲ ತಮಾ

ಹಾಂ ತಮಾ, ಅತ್ತೆ ಮಾತಾಡ್ತಿದ್ದೇನೆ. ಇಷ್ಟೆಲ್ಲ ಟೈಪ್ ಮಾಡುತ್ತ ಕೂತರೆ ಬೆಳಗಾಗುತ್ತದೆ, ಅದಕ್ಕೇ ಮಾತಲ್ಲೇ ಹೇಳುತ್ತೇನೆ. ಹಿಂದೆ ಗಲಾಟೆ ಕೇಳಿದರೆ ಗಾಬರಿ ಬೇಡ, ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದಾರೆ. ಇಲ್ಲಿ ರಾತ್ರಿ ಒಂಬತ್ತು, ಕೆನಡಾದ ಕ್ಯಾಲ್ಗರಿಯಲ್ಲಿ ನಿನಗೆ ಬೆಳಿಗ್ಗೆ ಎಂಟೂವರೆ. ಟ್ರೇನಲ್ಲಿ ಕೂತು ಕೇಳು. ಉದ್ದ ಆಗುತ್ತದೆ.

ನಮ್ಮ ಮನೆಯವರ ಗುಂಪಿನಲ್ಲಿ ಉಳಿದವರಿಗೂ ಗೊತ್ತಾಗಲಿ. ಇವನು ಸೆಕೆಂಡ್ ಹ್ಯಾಂಡ್ ಸ್ಕೀ ತಗೊಂಡಿದ್ದಾನೆ. ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಉದ್ದ ಹಲಗೆ, ಅದೇ ಸ್ಕೀ. ಬೂಟನ್ನು ಆ ಹಲಗೆಗೆ ಕಚ್ಚಿ ಹಿಡಿಯುವ ಸಾಮಾನಿಗೆ ಬೈಂಡಿಂಗ್ ಅನ್ನುತ್ತಾರೆ. ಅಂಗಡಿಯವರು ಕೂರಿಸಿ ಕೊಡಲು ಜಾಸ್ತಿ ದುಡ್ಡು ಕೇಳಿದರು ಅಂತ ಮನೆಯಲ್ಲೇ ಡ್ರಿಲ್ ಹಿಡಿದಿದ್ದಾನೆ. ಎಡಗಾಲಿನದು ಆಯಿತು. ಬೈಂಡಿಂಗಿನಲ್ಲಿ ಎರಡು ತುಂಡು, ಕಾಲ್ಬೆರಳ ಕಡೆ ಒಂದು, ಹಿಮ್ಮಡಿ ಕಡೆ ಒಂದು. ಬೆರಳ ಕಡೆಯ ತುಂಡಿನ ಒಂದು ಸ್ಕ್ರೂ ಎಷ್ಟು ತಿರುಗಿಸಿದರೂ ಬಿಗಿ ಆಗುತ್ತಿಲ್ಲ. ಇನ್ನೊಂದರ ತಲೆ ಸವೆದು ಬಟ್ಟಲಿನ ಹಾಗಾಗಿದೆ. ಶನಿವಾರ ಗುಡ್ಡಕ್ಕೆ ಹೋಗಬೇಕು, ಏನು ಮಾಡಲಿ ಅಂತ ನಿನ್ನೆ ಫೋಟೋ ಹಾಕಿದ್ದ. ಇಷ್ಟೇ ಕಥೆ.

ಅದಕ್ಕೆ ಗುಂಪಿನಲ್ಲಿ ಬಂದ ಔಷಧ ಎರಡು. ಭಾವ ಹೇಳಿದ್ದು ಉದ್ದದ ಸ್ಕ್ರೂ ಹಾಕು ಅಂತ. ಅಣ್ಣ ಹೇಳಿದ್ದು ಫೆವಿಕ್ವಿಕ್ ಬಿಡು ಅಂತ.

ಭಾವ, ಬೇಸರ ಮಾಡಬೇಡಿ. ನಿಮ್ಮ ಕೊಟ್ಟಿಗೆ ಬಾಗಿಲಿನ ಬಿಜಾಗರಿಗೆ ಅದೇ ಸರಿ. ಅಲ್ಲಿ ಚೌಕಟ್ಟು ಮೂರು ಇಂಚು ದಪ್ಪ ಹಲಸಿನ ಮರ. ಗಿಡ್ಡ ಸ್ಕ್ರೂ ಸಡಿಲವಾದರೆ ಉದ್ದದ್ದು ಹಾಕಿದಾಗ ಒಳಗೆ ಹೊಸ ಮರ ಸಿಗುತ್ತದೆ. ಸ್ಕೀಯಲ್ಲಿ ಹೊಸ ಮರ ಎಲ್ಲಿಂದ ಬರಬೇಕು? ಅದರ ತೂತೇ 9 ಎಂ.ಎಂ. ಆಳ. ಅದರ ಕೆಳಗೆ ಚೂರು ಮರ, ಆಮೇಲೆ ಫೈಬರ್, ಆಮೇಲೆ ಹಿಮ ಮುಟ್ಟುವ ಪ್ಲಾಸ್ಟಿಕ್. ಉದ್ದ ಸ್ಕ್ರೂ ಹಾಕಿದರೆ ಕೆಳಗಿಂದ ಮೂತಿ ಹೊರಗೆ ಹಾಕುತ್ತದೆ.

ಅಣ್ಣಾ, ನಿನಗೆ ಕನ್ನಡಕಕ್ಕೂ ಫೆವಿಕ್ವಿಕ್, ಚಪ್ಪಲಿಗೂ ಫೆವಿಕ್ವಿಕ್. ಅದು ಸ್ಕ್ರೂ ಪೂರ್ತಿ ಕೂರುವ ಮೊದಲೇ ಗಟ್ಟಿಯಾಗುತ್ತದೆ. ಸಂದು ತುಂಬುವುದಿಲ್ಲ. ಗಟ್ಟಿಯಾದ ಮೇಲೂ ಗಾಜಿನ ಜಾತಿ, ಒಂದು ಪೆಟ್ಟು ಬಿದ್ದರೆ ಚಟ್ ಅಂತ ಬಿಡುತ್ತದೆ.

ನಾನೇನು ಇದನ್ನು ಓದಿಕೊಂಡು ಹೇಳುತ್ತಿಲ್ಲ. ಕ್ಯಾಲ್ಗರಿಯಲ್ಲಿ ಹನ್ನೊಂದು ವರ್ಷ ಇದ್ದೆವಲ್ಲ, ಆಗ ನಾನೂ ಹೀಗೇ ದುಡ್ಡು ಉಳಿಸಲು ಹೋಗಿದ್ದೆ. ಬೇಸ್‌ಮೆಂಟಿನಲ್ಲಿ ಎರಡು ಕುರ್ಚಿಯ ಮೇಲೆ ಸ್ಕೀ ಅಡ್ಡ ಇಟ್ಟುಕೊಂಡು, ಡ್ರಿಲ್ ಮಿಷನ್ನಿಗೇ ಸ್ಕ್ರೂಡ್ರೈವರ್ ಬಿಟ್ ಸಿಕ್ಕಿಸಿ, ಗರ್‌ ಅಂತ ಬಿಟ್ಟೆ. ಮೊದಲ ಮೂರು ಚೆನ್ನಾಗಿ ಕೂತವು. ನಾಲ್ಕನೆಯದು ಬಿಗಿಯಾಯಿತು, ಇನ್ನೊಂಚೂರು ಅಂದೆ, ಅಷ್ಟರಲ್ಲಿ ಕೈಗೆ ಹಗುರಾಯಿತು. ಆ ಹಗುರ ಆಗುವುದು ಇದೆಯಲ್ಲ, ಅದು ಒಂದು ಸಲ ಅನುಭವ ಆದವರಿಗೆ ಮರೆಯುವುದಿಲ್ಲ. ಸ್ಕ್ರೂವಿನ ಹಲ್ಲು ಒಳಗೆ ಮರದಲ್ಲಿ ಕೊರೆದಿದ್ದ ಸುರುಳಿ ಗೀರು, ಅಂದರೆ ಥ್ರೆಡ್ಡು, ಪುಡಿಪುಡಿಯಾಗಿ, ಸ್ಕ್ರೂ ಆ ಪುಡಿಯಲ್ಲಿ ಸುಮ್ನೆ ತಿರುಗುತ್ತಿರುತ್ತದೆ.

ನಮ್ಮ ಊರಿನ ಬುದ್ಧಿ, ಗೊತ್ತಲ್ಲ. ಆಚಾರಿ ಬಾಗಿಲಿಗೆ ಮಾಡುವುದನ್ನೇ ಮಾಡಿದೆ. ಅವರು ಬಿದಿರಿನ ಚಕ್ಕೆ ಸೀಳಿ, ಫೆವಿಕಾಲ್ ಸವರಿ, ತೂತಿಗೆ ಬೆಣೆ ಹೊಡೆದು, ಅದರ ಮೇಲೆ ಅದೇ ಸ್ಕ್ರೂ ಕೂರಿಸುತ್ತಾರೆ. ನನ್ನ ಹತ್ತಿರ ಬಿದಿರಿರಲಿಲ್ಲ. ನಾಲ್ಕು ಬೆಂಕಿಕಡ್ಡಿ ತುರುಕಿ ಗೋಂದು ಹಾಕಿದೆ. ಸ್ಕ್ರೂ ಕಲ್ಲಿನ ಹಾಗೆ ಬಿಗಿಯಾಯಿತು! ನಿನ್ನ ಮಾವನಿಗೆ ತೋರಿಸಿ ಹೆಮ್ಮೆ ಪಟ್ಟಿದ್ದೂ ಆಯಿತು.

ನಕಿಸ್ಕಾಕ್ಕೆ ಹೋದೆವು. 1988ರ ಒಲಿಂಪಿಕ್ಸಿನ ಇಳಿಜಾರು ಓಟಗಳು ನಡೆದ ಗುಡ್ಡ ಅದು, ನೀನೂ ಹೋಗಿರುತ್ತೀಯ. ಮೂರನೇ ಸಲ ಇಳಿಯುವಾಗ ತಿರುವಿನಲ್ಲಿ ಕಾಲಿಗೆ ಒಂದು ಎಳೆತ ಬಂತು. ಬಿದ್ದೆ. ಎದ್ದು ನೋಡಿದರೆ ಬೂಟಿನ ಮುಂದೆ ಬೈಂಡಿಂಗ್ ತುಂಡು ಕಚ್ಚಿಕೊಂಡೇ ಇದೆ, ಸ್ಕೀ ಹತ್ತು ಮಾರು ಕೆಳಗೆ ಬಿದ್ದಿದೆ. ಹೋಗಿ ಎತ್ತಿಕೊಂಡೆ. ತೂತಿನಲ್ಲಿ ಬೆಂಕಿಕಡ್ಡಿ ಮುರಿದು ನಿಂತಿತ್ತು. ಒಂದಕ್ಕೆ ಮದ್ದಿನ ತಲೆ ಕೂಡ ಹಾಗೇ ಇತ್ತು, ಕೆಂಪಗೆ. ಅದನ್ನೂ ತೆಗೆಯದೆ ತುರುಕಿದ್ದೆ ನಾನು! ಮೊಣಕಾಲು ಊದಿದ್ದು ಬಿಟ್ಟರೆ ಏನೂ ಆಗಲಿಲ್ಲ. ಅತ್ತಿಗೆ, ಇದನ್ನು ನಿಮಗೆ ಆಗ ಹೇಳಿರಲಿಲ್ಲ, ಈಗ ಬೈಯಬೇಡಿ.

ಬಾಗಿಲಿಗೂ ಸ್ಕೀಗೂ ಇರುವ ವ್ಯತ್ಯಾಸ ಅಷ್ಟೇ ತಮಾ. ಬಾಗಿಲಿನ ಭಾರ ನಿಧಾನವಾಗಿ ಜಗ್ಗುತ್ತದೆ, ಬಿದಿರಿನ ಬೆಣೆ ಹದಿನೈದು ವರ್ಷ ತಡೆಯುತ್ತದೆ. ಸ್ಕೀಯಲ್ಲಿ ಇಡೀ ಮೈಭಾರ ಒಂದೇ ಸಲ ಕಿತ್ತು ಎಳೆಯುತ್ತದೆ, ಜೊತೆಗೆ ಕರಗಿದ ಹಿಮದ ನೀರು ತೂತಿಗೆ ಇಳಿಯುತ್ತದೆ. ಬೆಂಕಿಕಡ್ಡಿ ಬಿಗಿ ಮಾಡಿ ತೋರಿಸುತ್ತದೆ, ಹಿಡಿಯುವುದಿಲ್ಲ.

ಈಗ ನಿನ್ನ ಫೋಟೋಕ್ಕೆ ಬರುತ್ತೇನೆ. ಇರು, ಕನ್ನಡಕ ಹಾಕಿಕೊಳ್ಳುತ್ತೇನೆ.

ಬೈಂಡಿಂಗ್ ಪಕ್ಕದಲ್ಲಿ, ಸ್ಕೀಯ ಮೇಲೆ ಸಣ್ಣ ಅಕ್ಷರದಲ್ಲಿ 3.6 x 9 ಅಂತ ಇದೆ, ನೋಡಿದ್ಯಾ? ದೊಡ್ಡದು ಮಾಡಿ ನೋಡು. ಅದು ತೂತಿನ ಅಳತೆ: 3.6 ಎಂ.ಎಂ. ಅಗಲ, 9 ಎಂ.ಎಂ. ಆಳ. ದೊಡ್ಡವರ ಮರದ ಸ್ಕೀಗೆ ಸಾಮಾನ್ಯವಾಗಿ ಅದೇ. ಒಳಗೆ ಅಲ್ಯೂಮಿನಿಯಂ ಜಾತಿಯ ತಗಡು ಇರುವ ಸ್ಕೀಗೆ 4.1 x 9 ಅಂತ ಬರೆದಿರುತ್ತದೆ. ನೀನು ಮನೆಯಲ್ಲಿದ್ದ 4 ಎಂ.ಎಂ. ಬಿಟ್ ಹಾಕಿದೆ ಅಂತ ಬರೆದಿದ್ದೆ. ಅರ್ಧ ಎಂ.ಎಂ. ಕೂಡ ಇಲ್ಲವಲ್ಲ ಅನ್ನಬೇಡ. ಸ್ಕ್ರೂವಿನ ಹಲ್ಲು ಮರಕ್ಕೆ ಕಚ್ಚುವುದೇ ಅಷ್ಟು ಜಾಗದಲ್ಲಿ.

ಹಾಗಾದರೆ ತಿರುಗುತ್ತಿರುವುದು ಒಂದೇ ಸ್ಕ್ರೂ ಆದರೂ ಎಂಟು ತೂತೂ 4 ಎಂ.ಎಂ. ಇವೆ, ಅಲ್ವಾ? ಉಳಿದವು ಇವತ್ತು ಬಿಗಿಯಾಗಿ ಕೂತಿವೆ, ಅಷ್ಟೇ. ಒಂದನ್ನು ಸರಿ ಮಾಡಿ ಹೊರಟರೆ ನಾಳೆ ಭಾರ ಪಕ್ಕದ್ದರ ಮೇಲೆ ಬೀಳುತ್ತದೆ. ಎಲ್ಲ ಬಿಚ್ಚು.

ಇನ್ನು ಆ ಸವೆದ ತಲೆ. ಅದು ನಾವು ಸ್ಟಾರ್ ಸ್ಕ್ರೂ ಅನ್ನುತ್ತೇವಲ್ಲ, ಅದಲ್ಲ ಮಾರಾಯ. ನೋಡಲು ಹಾಗೇ ಕಾಣುತ್ತದೆ. ಚೆನ್ನಾಗಿರುವ ಒಂದು ಸ್ಕ್ರೂವನ್ನು ಬೆಳಕಿಗೆ ಹಿಡಿ. ಪ್ಲಸ್ ಗುರುತಿನ ನಾಲ್ಕು ತೋಳುಗಳ ನಡುವೆ ಕೂದಲೆಳೆಯಷ್ಟು ತೆಳು ಗೆರೆ ನಾಲ್ಕು ಇರುತ್ತವೆ. ಅದಕ್ಕೆ ಪೋಜಿಡ್ರೈವ್ ಅನ್ನುತ್ತಾರೆ, ಸೈಜು 3. ಸಾಧಾರಣ ಸ್ಟಾರ್ ಡ್ರೈವರ್ ಅದರಲ್ಲಿ ಕೂತ ಹಾಗೆ ಮಾಡುತ್ತದೆ. ಜೋರು ಹಾಕಿದ ಕೂಡಲೇ ಮೇಲಕ್ಕೆ ಜಾರಿ ತಲೆಯನ್ನು ತಿಂದು ಹಾಕುತ್ತದೆ. ಎಷ್ಟೋ ಜನರ ಸ್ಕ್ರೂ ಹಾಳಾಗುವುದು ಇದರಿಂದಲೇ. ಪಿ.ಝೆಡ್. 3 ಅಂತ ಕೇಳಿ ಒಂದು ಕೈ ಡ್ರೈವರ್ ತಗೋ. ಮಿಷನ್ನಿಗೆ ಹಾಕುವುದಲ್ಲ, ಕೈಯದ್ದು, ಹಿಡಿ ದಪ್ಪಗಿರುವುದು.

ಸವೆದದ್ದನ್ನು ತೆಗೆಯುವುದಕ್ಕೆ ಮೊದಲು ಅದೇ ಡ್ರೈವರ್ ಇಟ್ಟು ಮೇಲಿಂದ ಸುತ್ತಿಗೆಯಲ್ಲಿ ಎರಡು ಸಣ್ಣ ಪೆಟ್ಟು ಕೊಡು, ಕಚ್ಚಿಕೊಳ್ಳಲಿ. ಆಮೇಲೆ ಎದೆಭಾರ ಪೂರ್ತಿ ಡ್ರೈವರ್ ಮೇಲೆ ಹಾಕಿ ನಿಧಾನವಾಗಿ ತಿರುಗಿಸು. ಒತ್ತುವುದು ಜಾಸ್ತಿ, ತಿರುಗಿಸುವುದು ಕಡಿಮೆ. ಜಾರಿದರೆ ನಡುವೆ ಅಗಲದ ರಬ್ಬರ್ ಬ್ಯಾಂಡ್ ಇಟ್ಟು ನೋಡು. ನೀನು ಗೋಂದು ಹಾಕಿಲ್ಲ ಅಂದೆ, ಅದು ಈಗ ಅನುಕೂಲವೇ ಆಯಿತು. ಗೋಂದು ಇದ್ದಿದ್ದರೆ ಕಾದ ಸೋಲ್ಡರಿಂಗ್ ಕಡ್ಡಿಯನ್ನು ಸ್ಕ್ರೂ ತಲೆಗೆ ಒತ್ತಿ ಬಿಸಿ ಮಾಡಬೇಕಿತ್ತು. ಏನು ಮಾಡಿದರೂ ಬರಲಿಲ್ಲವಾ? ಉಳಿದ ಸ್ಕ್ರೂ ಬಿಚ್ಚಿ, ಇದರ ತಲೆಯನ್ನಷ್ಟೇ ಡ್ರಿಲ್ಲಿನಿಂದ ಕೊರೆದು ಹಾರಿಸು. ಬೈಂಡಿಂಗ್ ಮೇಲೆ ಬರುತ್ತದೆ, ಉಳಿದ ಮೋಟನ್ನು ಗ್ರಿಪ್ ಪ್ಲೈಯರಿನಲ್ಲಿ ಹಿಡಿದು ತಿರುಗಿಸಿ ತೆಗೆಯಬಹುದು. ಸ್ಕ್ರೂ ಹೊಸದು ಸಿಗುತ್ತದೆ, ಅದಕ್ಕೆ ಚಿಂತೆ ಬೇಡ.

ಬಿಚ್ಚಿದ ಮೇಲೆ ತೂತಿನ ಬಾಯಿ ಬೆರಳಲ್ಲಿ ಸವರು. ಥ್ರೆಡ್ ಹೋದ ಕಡೆ ಅಂಚು ಸ್ವಲ್ಪ ಮೇಲೆ ಎದ್ದಿರುತ್ತದೆ, ಇರುವೆ ಗೂಡಿನ ಬಾಯಿಯ ಹಾಗೆ. ಅದನ್ನು ಬ್ಲೇಡಿನಲ್ಲಿ ಸಮ ಮಾಡು. ಇಲ್ಲದಿದ್ದರೆ ಬೈಂಡಿಂಗ್ ಚಪ್ಪಟೆಯಾಗಿ ಕೂರುವುದಿಲ್ಲ. ಒಳಗಿನ ಪುಡಿ ತೆಗೆ. ನೀರಿನ ಪಸೆ ಇದ್ದರೆ ಒಂದು ರಾತ್ರಿ ಒಣಗಲಿ.

ಆಮೇಲೆ ಎಪಾಕ್ಸಿ. ನಮ್ಮಲ್ಲಿ ಅರಾಲ್ಡೈಟ್ ಅಂತ ಎರಡು ಟ್ಯೂಬು ಬರುತ್ತದಲ್ಲ, ಆ ಜಾತಿ. ಐದು ನಿಮಿಷದ್ದು ಬೇಡ, ನಿಧಾನಕ್ಕೆ ಗಟ್ಟಿಯಾಗುವುದೇ ತಗೋ. ಚೆನ್ನಾಗಿ ಕಲಸಿ, ಹಲ್ಲುಕಡ್ಡಿಯಿಂದ ತೂತಿನ ಗೋಡೆಗೆಲ್ಲ ಸವರು. ತಿರುಗುತ್ತಿದ್ದ ಆ ತೂತಿಗೆ ಮಾತ್ರ ಸ್ಟೀಲ್ ವುಲ್, ಅಂದರೆ ಉಣ್ಣೆಯ ಹಾಗಿರುವ ಸಣ್ಣ ಸ್ಟೀಲ್ ಎಳೆ, ಒಂದು ಚಿಟಿಕೆ ಕತ್ತರಿಸಿ ಎಪಾಕ್ಸಿಯಲ್ಲಿ ಅದ್ದಿ ಇಳಿಸು. ಕಾಂಕ್ರೀಟಿಗೆ ಕಬ್ಬಿಣದ ಸರಳು ಹಾಕಿದ ಹಾಗೆ ಅದು.

ಈಗ ಸ್ಕ್ರೂ ಇಡುವಾಗ ಒಂದು ಸೂಕ್ಷ್ಮ ಇದೆ. ಉಳಿದ ಏಳರಲ್ಲಿ ಹಳೇ ಥ್ರೆಡ್ ಇನ್ನೂ ಇದೆ. ಮೊದಲು ಸ್ಕ್ರೂವನ್ನು ಉಲ್ಟಾ ತಿರುಗಿಸು, ಬಿಚ್ಚುವ ಕಡೆಗೆ. ಒಂದು ಹಂತದಲ್ಲಿ ಟಿಕ್ ಅಂತ ಕೆಳಗೆ ಇಳಿದದ್ದು ಬೆರಳಿಗೆ ಗೊತ್ತಾಗುತ್ತದೆ. ಹಾರ್ಲಿಕ್ಸ್ ಬಾಟಲಿ ಮುಚ್ಚಳ ಓರೆಯಾದಾಗ ಆಯಿ ಹಾಗೇ ಮಾಡುವುದು, ನೋಡಿದ್ದೀಯಲ್ಲ. ಆಮೇಲೆ ಮುಂದಕ್ಕೆ ತಿರುಗಿಸು. ಹೀಗೆ ಮಾಡದೆ ಒತ್ತಿದರೆ ಹೊಸ ಥ್ರೆಡ್ ಹಳೆಯದನ್ನು ಅಡ್ಡ ಕೊಯ್ಯುತ್ತದೆ, ಇದ್ದದ್ದೂ ಹೋಯಿತು.

ಒಂದೊಂದು ತುಂಡಿನ ನಾಲ್ಕೂ ಸ್ಕ್ರೂ ಸಡಿಲವಾಗಿ ಇಳಿಸಿ, ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪ ಬಿಗಿ ಮಾಡು. ಥ್ರೆಡ್ ಹೋದದ್ದನ್ನು ತಲೆ ಮುಟ್ಟಿದ ಕೂಡಲೇ ಬಿಟ್ಟುಬಿಡು. ಅಲ್ಲಿ ನಿನ್ನ ಕೈ ಬಲ ಏನೂ ಮಾಡುವುದಿಲ್ಲ, ಎಪಾಕ್ಸಿ ಮಾಡಬೇಕು. ಉಕ್ಕಿದ್ದನ್ನು ಒರೆಸು, ಬೈಂಡಿಂಗಿನ ಸ್ಪ್ರಿಂಗಿನೊಳಗೆ ಹೋಗದ ಹಾಗೆ ನೋಡಿಕೋ.

ಮತ್ತೆ, ಗ್ಯಾರೇಜಿನಲ್ಲಿ ಇಡಬೇಡ. ಅಲ್ಲಿನ ಚಳಿಗೆ ಎಪಾಕ್ಸಿ ವಾರ ಕಳೆದರೂ ಅಂಟಂಟಾಗಿಯೇ ಇರುತ್ತದೆ. ಮನೆಯೊಳಗೆ, ಹೀಟರ್ ಇರುವ ರೂಮಿನಲ್ಲಿ, ಪೂರ್ತಿ ಒಂದು ದಿನ. ಎರಡು ದಿನ ಬಿಟ್ಟರೆ ಇನ್ನೂ ಒಳ್ಳೆಯದು. ಆಮೇಲೂ ಆ ಸ್ಕ್ರೂ ಅಲುಗಾಡಿದರೆ ಅಂಗಡಿಗೆ ಕೊಡು. ಅವರು ತೂತು ದೊಡ್ಡದು ಮಾಡಿ ಒಳಗೆ ಥ್ರೆಡ್ ಇರುವ ಸ್ಟೀಲಿನ ಸಣ್ಣ ಕೊಳವೆ ಕೂರಿಸುತ್ತಾರೆ, ಅದಕ್ಕೆ ಇನ್ಸರ್ಟ್ ಅನ್ನುತ್ತಾರೆ. ಪಕ್ಕದಲ್ಲೇ ಹೊಸ ತೂತು ಕೊರೆಯಲು ಮಾತ್ರ ಹೋಗಬೇಡ. ಹಳೇ ತೂತಿನಿಂದ ಒಂದು ಸೆಂಟಿಮೀಟರ್ ಆದರೂ ದೂರ ಬೇಕು, ಇಲ್ಲದಿದ್ದರೆ ಎರಡೂ ಸೇರಿ ಒಂದೇ ಗುಂಡಿ.

ಬಲಗಾಲಿನ ಸ್ಕೀ ಇನ್ನೂ ಮುಟ್ಟಿಲ್ಲ ಅಂದೆ. ಪುಣ್ಯ. ಅದಕ್ಕೆ ಸ್ಕೀಗಂತಲೇ ಬರುವ 3.6 x 9 ಬಿಟ್ ತರಿಸು. ಅದಕ್ಕೆ ಭುಜ ಇರುತ್ತದೆ, 9 ಎಂ.ಎಂ. ಆದ ಮೇಲೆ ತಾನೇ ನಿಲ್ಲುತ್ತದೆ. ನೀನು ಬಿಟ್ಟಿಗೆ ಟೇಪ್ ಸುತ್ತಿ ಆಳ ನೋಡಿದ್ದು ನನಗೆ ಸರಿ ಕಾಣಲಿಲ್ಲ, ಟೇಪ್ ಜಾರುತ್ತದೆ. ತೂತಿಗೆ ನೀರು ತಡೆಯುವ ಮರದ ಗೋಂದು ಒಂದೊಂದು ಹನಿ ಬಿಡು. ಸ್ಕ್ರೂ ಮೆತ್ತಗೆ ಇಳಿಯುತ್ತದೆ, ನೀರೂ ಹೋಗುವುದಿಲ್ಲ.

ಕೊನೆಯದು, ಇದನ್ನು ಅತ್ತಿಗೆಯ ಪರವಾಗಿ ಹೇಳುತ್ತಿದ್ದೇನೆ. ಬೈಂಡಿಂಗ್ ಬರೀ ಹಿಡಿಯುವ ಸಾಮಾನಲ್ಲ. ಅಡಿಕೆ ಮರ ಹತ್ತುವ ಕೊನೆಗೌಡರು ಹಿಡಿತಕ್ಕೆ ಕಾಲಿಗೆ ಹಾಕುವ ತಳೆ ಬಿಟ್ಟರೆ ಕಷ್ಟ, ಇದು ಬಿಡದಿದ್ದರೆ ಕಷ್ಟ. ಬಿದ್ದಾಗ ಬೂಟನ್ನು ಬಿಡದಿದ್ದರೆ ಕಾಲೇ ಮುರಿಯುತ್ತದೆ. ಎಷ್ಟು ಜೋರಿಗೆ ಬಿಡಬೇಕು ಅನ್ನುವ ನಂಬರನ್ನು ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ನೀನು ಎಷ್ಟು ಜೋರಾಗಿ ಜಾರುವವ ಅನ್ನುವುದು ಎಲ್ಲ ನೋಡಿ ಇಡುತ್ತಾರೆ. ರೂಮ್‌ಮೇಟಿನದು ನೋಡಿ ಇಡುವುದಲ್ಲ. ಸ್ಕ್ರೂ ಕೆಲಸ ನೀನು ಮಾಡು, ಇದನ್ನು ಮಾತ್ರ ಮಿಷನ್ ಇರುವ ಅಂಗಡಿಯಲ್ಲಿ ಪರೀಕ್ಷೆ ಮಾಡಿಸು. ಮನೆಯಲ್ಲಿ ಕೂರಿಸಿದ್ದನ್ನು ನೋಡುತ್ತೀರಾ ಅಂತ ಮೊದಲೇ ಫೋನ್ ಮಾಡಿ ಕೇಳು, ಕೆಲವರು ಒಪ್ಪುವುದಿಲ್ಲ.

ಈ ಶನಿವಾರಕ್ಕೆ ಆಗುವುದಿಲ್ಲ ತಮಾ, ಲೆಕ್ಕ ಹಾಕು. ಬಾಡಿಗೆ ಸ್ಕೀ ತಗೊಂಡು ಹೋಗು.

ಸಂಜೆ ಮನೆಗೆ ಬಂದ ಮೇಲೆ ಸ್ಕೀ ಮಗುಚಿ ತಳದ ಫೋಟೋ ಹಾಕು. ಸ್ಕ್ರೂ ಇದ್ದ ಜಾಗದ ಕೆಳಗೆ ಎಲ್ಲಾದರೂ ಸಣ್ಣ ಗುಳ್ಳೆ ಎದ್ದಿದೆಯಾ ಅಂತ ಬೆರಳಾಡಿಸಿಯೂ ನೋಡು. ಆ ಟೇಪಿನ ಮೇಲೆ ನನಗೆ ನಂಬಿಕೆ ಇಲ್ಲ. ನಾನು ಬೆಳಿಗ್ಗೆ ಎದ್ದು ನೋಡುತ್ತೇನೆ. ಹಾಂ, ಬಂದೆ ಬಂದೆ... ಇವರಿಗೆ ಚಹಾ ಬೇಕಂತೆ, ಇಡುತ್ತೇನೆ.