ಅಲಾಸ್ಕದ ಮೂಸ್ ಬೇಟೆಗೆ ಮಧ್ಯಮ ಬೋರಿನ ರೈಫಲ್: ಕೋವಿ ಕಟ್ಟುವವರಿಗೆ ಪ್ರಶ್ನೆಗಳು

ಪ್ರಶ್ನೆ (ಐಡಾಹೋದಿಂದ): ನಮಸ್ಕಾರ. ಹುಟ್ಟೂರು ವಿರಾಜಪೇಟೆಯ ಕಡೆ, ಈಗ ಅಮೆರಿಕದ ಪ್ರಜೆ. ಇಲ್ಲಿ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ .30-06 ತೋಟಾದ ರೈಫಲ್ ಬಳಸುತ್ತೇನೆ. ಮುಂದಿನ ವರ್ಷ ಅಲಾಸ್ಕಕ್ಕೆ ಮೂಸ್ (ಜಿಂಕೆ ಕುಲದಲ್ಲೇ ಎಲ್ಲಕ್ಕಿಂತ ದೊಡ್ಡದು) ಬೇಟೆಗೆ ಹೋಗುವ ಯೋಚನೆಯಿದೆ. ಆಮೇಲೆ ಎಂದಾದರೂ ನಮೀಬಿಯಾದಲ್ಲಿ ಈಲ್ಯಾಂಡ್ ಎಂಬ ದೊಡ್ಡ ಹುಲ್ಲೆ. ಎರಡಕ್ಕೂ ಒದಗುವ ಒಂದು ರೈಫಲ್ ಕಟ್ಟಿಸಬೇಕು. .338 ವಿಂಚೆಸ್ಟರ್ ಮ್ಯಾಗ್ನಮ್, .35 ವೀಲನ್, 9.3×62, .375 ಎಚ್ ಅಂಡ್ ಎಚ್: ಈ ನಾಲ್ಕು ತೋಟಾಗಳಲ್ಲಿ ಯಾವುದು? ನನ್ನ ಬಳಿ ಹಳೆಯ ಸೈನ್ಯದ ಮೌಸರ್ 98 ಆಕ್ಷನ್ (ರೈಫಲಿನಲ್ಲಿ ತೋಟಾ ತುಂಬಿ ಸಿಡಿಸುವ ಯಂತ್ರಭಾಗ) ಒಂದಿದೆ. ನನ್ನ ಎತ್ತರ ಐದು ಅಡಿ ಐದು ಇಂಚು.

ಉತ್ತರ: ನಿಮ್ಮ .30-06 ಮೂಸ್‌ಗೆ ಸಾಕು. ಒಳ್ಳೆಯ ಗುಂಡು ಹಾಕಿ ಭುಜದ ಹಿಂದೆ ಶ್ವಾಸಕೋಶಕ್ಕೆ ಹೊಡೆದರೆ ಅದು ಬೀಳುತ್ತದೆ. ಕೆಲಸ ಹಿಡಿಯುವ ಮೊದಲು ಎಲ್ಲರಿಗೂ ಇದನ್ನು ಹೇಳುತ್ತೇನೆ, ಏಕೆಂದರೆ ಹೊಸ ಬೋರ್ (ನಳಿಗೆಯ ಒಳ ಅಗಲ) ಗುರಿಯನ್ನು ಸುಧಾರಿಸುವುದಿಲ್ಲ. ಆದರೂ ಐನೂರು, ಆರುನೂರು ಕಿಲೋ ತೂಗುವ ಪ್ರಾಣಿಗೆ ಓರೆಯಾಗಿ ಹೊಡೆಯಬೇಕಾಗಿ ಬಂದಾಗ ಭಾರದ, ದಪ್ಪ ಗುಂಡು ಹೆಚ್ಚು ಆಳಕ್ಕೆ ಇಳಿಯುತ್ತದೆ. ಮಧ್ಯಮ ಬೋರಿಗೆ ಇರುವ ನ್ಯಾಯವಾದ ಕಾರಣ ಅದು.

ನಾಲ್ಕರಲ್ಲಿ ನನ್ನ ಆಯ್ಕೆ 9.3×62. ಬರ್ಲಿನ್ನಿನ ಕೋವಿ ತಯಾರಕ ಒಟ್ಟೊ ಬಾಕ್ 1905ರಲ್ಲಿ ಇದನ್ನು ರೂಪಿಸಿದ್ದೇ ಸಾಮಾನ್ಯ ಉದ್ದದ ಮೌಸರ್ 98ರಲ್ಲಿ ಕೂರಲೆಂದು. ತೋಟಾದ ಬುಡ ನಿಮ್ಮ .30-06ರಷ್ಟೇ ದಪ್ಪ, ಹಾಗಾಗಿ ತೋಟಾವನ್ನು ನಳಿಗೆಗೆ ತಳ್ಳಿ ಮುಚ್ಚುವ ಬೋಲ್ಟಿನ ಮುಖವನ್ನು ಕೊರೆಯಬೇಕಿಲ್ಲ. ಒಟ್ಟು ಉದ್ದ ಸುಮಾರು 83.6 ಮಿಲಿಮೀಟರ್, ಮ್ಯಾಗಜೀನಿನಲ್ಲಿ ತಾನಾಗಿ ಕೂರುತ್ತದೆ. .375 ಎಚ್ ಅಂಡ್ ಎಚ್ 91 ಮಿಲಿಮೀಟರ್ ದಾಟುತ್ತದೆ. ಅದನ್ನು ಸಾಮಾನ್ಯ ಮೌಸರಿನಲ್ಲಿ ತುರುಕಬೇಕಾದರೆ ಮ್ಯಾಗಜೀನನ್ನು ಮುಂದಕ್ಕೆ ಚಾಚಬೇಕು. ಆಗ ತೋಟಾ ಏರುವ ಇಳಿಜಾರಿನಿಂದ ಉಕ್ಕು ತೆಗೆಯಬೇಕಾಗುತ್ತದೆ, ಮತ್ತು ಆ ಉಕ್ಕೇ ಬೋಲ್ಟಿನ ಕೆಳ ಲಗ್ಗಿಗೆ (ಬೋಲ್ಟನ್ನು ಬಿಗಿಹಿಡಿಯುವ ಉಬ್ಬಿಗೆ) ಬೆನ್ನಾಸರೆ. ಹಾಗೆ ಕಟ್ಟಿದ ರೈಫಲ್‌ಗಳು ಬೇಕಾದಷ್ಟಿವೆ. ನಾನು ಮಾತ್ರ ಕಟ್ಟಿಕೊಡುವುದಿಲ್ಲ. .375 ಬೇಕೆಂದರೆ ಅದಕ್ಕೆಂದೇ ಮಾಡಿದ ಉದ್ದನೆಯ ಆಕ್ಷನ್ ತೆಗೆದುಕೊಳ್ಳಿ.

ಉಳಿದ ಎರಡರ ಬಗ್ಗೆ ಚುಟುಕಾಗಿ: .35 ವೀಲನ್ .30-06ರ ಕುತ್ತಿಗೆ ಹಿಗ್ಗಿಸಿ ಮಾಡಿದ ತೋಟಾ. ಒಳ್ಳೆಯದೇ, ಆದರೆ ಅಮೆರಿಕದ ಹೊರಗೆ ಸಿಗುವುದು ಕಷ್ಟ. .338ರ ಹಾರಾಟ ಚಪ್ಪಟೆ, ದೂರದ ಈಡಿಗೆ ಹೇಳಿ ಮಾಡಿಸಿದ್ದು. ಒದೆತ ಮಾತ್ರ ಚುರುಕು.

ಮರುಪ್ರಶ್ನೆ: ನಮೀಬಿಯಾದಲ್ಲಿ .375 ಕನಿಷ್ಠ ಅನ್ನುತ್ತಾರಲ್ಲ?

ಉತ್ತರ: ಅಲ್ಲಿ ಕಾನೂನು ನೋಡುವುದು ನಳಿಗೆಯ ಬಾಯಲ್ಲಿರುವ ಶಕ್ತಿಯನ್ನು. ಕುಡು, ಓರಿಕ್ಸ್, ಈಲ್ಯಾಂಡ್‌ಗೆ 2,700 ಜೂಲ್. ಆನೆ, ಕಾಡೆಮ್ಮೆಯಂಥವಕ್ಕೆ 5,400 ಜೂಲ್. 9.3×62ರ 286 ಗ್ರೇನ್ (ಸುಮಾರು 18.5 ಗ್ರಾಮ್) ಗುಂಡು ಸೆಕೆಂಡಿಗೆ 720 ಮೀಟರಿನಂತೆ ಹೊರಟರೆ ಸುಮಾರು 4,800 ಜೂಲ್. ಈಲ್ಯಾಂಡಿಗೆ ಧಾರಾಳವಾಯಿತು. ಕಾಡೆಮ್ಮೆಗೆ ಕೆಲವು ನೂರು ಜೂಲ್ ಕಡಿಮೆ. 300 ಗ್ರೇನ್ ಗುಂಡಿನ .375 ಸುಮಾರು 5,800 ತಲುಪುತ್ತದೆ. ಕಾಡೆಮ್ಮೆಯ ಆಸೆ ನಿಜವಾಗಿಯೂ ಇದ್ದರೆ ಈಗಲೇ .375ಕ್ಕೆ ಹೋಗಿ. ಬರಿಯ ಈಲ್ಯಾಂಡ್ ಆದರೆ ಆ ಹೆಚ್ಚಿನ ಒದೆತವನ್ನು ಜೀವಮಾನವಿಡೀ ಭುಜದ ಮೇಲೆ ಹೊರುವುದು ಯಾಕೆ?

ನಿಮ್ಮ ಹಳೆಯ ಆಕ್ಷನ್ನಿನ ವಿಷಯ. ನಳಿಗೆ ಕೊಳ್ಳುವ ಮೊದಲು ಅದನ್ನು ಪರೀಕ್ಷೆ ಮಾಡಿಸಿ. ಸೈನ್ಯದ ಮೌಸರ್‌ಗಳಲ್ಲಿ ಮೇಲ್ಮೈ ಮಾತ್ರ ಗಟ್ಟಿ, ಒಳಗಿನ ಉಕ್ಕು ಮೆತ್ತಗೆ. ತಯಾರಾದ ಕಾರ್ಖಾನೆ ಮತ್ತು ವರ್ಷದ ಮೇಲೆ ಗುಣವೂ ಬದಲಾಗುತ್ತದೆ. ಲಗ್ಗುಗಳು ಒತ್ತಿ ಕೂರುವ ಜಾಗದಲ್ಲಿ ಸಣ್ಣ ಗುಳಿ ಬಿದ್ದಿದ್ದರೆ ಆ ಆಕ್ಷನ್ನಿಗೆ ಹಣ ಸುರಿಯಬೇಡಿ. ಈಡು ಹೊಡೆದ ಮೇಲೆ ಬೋಲ್ಟ್ ಎತ್ತುವಾಗ ಅಂಟಿಕೊಂಡಂತೆ ಬಿಗಿಯಾಗುತ್ತಿದ್ದರೆ ಅದೂ ಇದೇ ರೋಗದ ಲಕ್ಷಣ ಇರಬಹುದು. ಬೋಲ್ಟಿನ ಹಿಡಿಯನ್ನು ಬಗ್ಗಿಸುವುದು, ಸ್ಕೋಪಿಗೆ ತೂತು ಕೊರೆಯುವುದು, ಸೇಫ್ಟಿ ಮತ್ತು ಟ್ರಿಗರ್ ಬದಲಿಸುವುದು ಎಲ್ಲ ಸೇರಿದರೆ ಸರ್ಬಿಯಾದ ಜಸ್ತಾವಾ ಆಕ್ಷನ್ನೋ, ಸ್ವೀಡನ್ನಿನ ಹಳೆಯ ಹುಸ್ಕ್ವಾರ್ನಾ ರೈಫಲೋ ಅಗ್ಗವಾಗಿ ಬೀಳುತ್ತದೆ. ಹುಸ್ಕ್ವಾರ್ನಾದಲ್ಲಿ 9.3×62 ಬೋರಿನದೇ ಸಿಗುತ್ತದೆ. ಸಿಕ್ಕರೆ ಕಟ್ಟಿಸುವ ಗೋಜೇ ಬೇಡ, ಸ್ಟಾಕನ್ನು (ಭುಜಕ್ಕೆ ಒರಗುವ ಭಾಗ) ಮಾತ್ರ ನಿಮ್ಮ ಅಳತೆಗೆ ತಿದ್ದಿಸಿ.

ಸ್ಟಾಕಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಬೋರಿನ ಬಗ್ಗೆ ರಾತ್ರಿಯಿಡೀ ಚರ್ಚಿಸುವವರೂ ಈ ಒಂದು ಪ್ರಶ್ನೆ ಕೇಳುವುದಿಲ್ಲ. ಕಾರ್ಖಾನೆಯ ಸ್ಟಾಕಿನಲ್ಲಿ ಟ್ರಿಗರಿನಿಂದ ಬುಡದವರೆಗೆ 34ರಿಂದ 35 ಸೆಂಟಿಮೀಟರ್ ಇರುತ್ತದೆ. ನಿಮ್ಮ ಎತ್ತರಕ್ಕೆ, ಅದರಲ್ಲೂ ಅಲಾಸ್ಕದ ದಪ್ಪ ಜಾಕೆಟ್ ತೊಟ್ಟಾಗ, ಇದು ಉದ್ದವಾಯಿತು. ಬುಡ ತೋಳಿನ ಹತ್ತಿರ ಸಿಕ್ಕಿಕೊಳ್ಳುತ್ತದೆ, ತಲೆ ಹಿಂದಕ್ಕೆ ವಾಲುತ್ತದೆ, ಸ್ಕೋಪಿನಲ್ಲಿ ಕಪ್ಪು ಬಳೆ ಕಾಣುತ್ತದೆ. ಕಣ್ಣು ಮುಚ್ಚಿ ರೈಫಲನ್ನು ಭುಜಕ್ಕೇರಿಸಿ, ಕೆನ್ನೆ ಒರಗಿಸಿ, ಕಣ್ಣು ತೆರೆಯಿರಿ. ಕುತ್ತಿಗೆ ಕೊಂಕಿಸದೆ ಸ್ಕೋಪಿನ ಪೂರ್ತಿ ವೃತ್ತ ಕಂಡರೆ ಸ್ಟಾಕ್ ನಿಮ್ಮದು. ಜಾಕೆಟ್ ತೊಟ್ಟೇ ಅಳತೆ ಕೊಡಿ. ನಿಮಗೆ ಸುಮಾರು 33 ಸೆಂಟಿಮೀಟರ್ ಬರಬಹುದು. ಕೆನ್ನೆಯ ಜಾಗ ತೀರ ತಗ್ಗಿದ್ದರೆ ಒದೆತ ದವಡೆಗೆ ಬಡಿಯುತ್ತದೆ. ಅಲಾಸ್ಕದ ಮಳೆಗೆ ವಾಲ್ನಟ್ ಉಬ್ಬುತ್ತದೆ, ಪದರ ಮರದ ಅಥವಾ ಒಳ್ಳೆಯ ಫೈಬರ್ ಸ್ಟಾಕ್ ಹಾಕಿಸಿ. ಸ್ಕೋಪೂ ಸೇರಿ ಒಟ್ಟು ತೂಕ ನಾಲ್ಕು ಕಿಲೋದ ಆಸುಪಾಸು ಇರಲಿ. ಹಗುರ ಮಾಡಿಸಿದ ಪ್ರತಿ ನೂರು ಗ್ರಾಮನ್ನೂ ಭುಜ ಲೆಕ್ಕ ಇಡುತ್ತದೆ.

ನಳಿಗೆ 22ರಿಂದ 24 ಇಂಚು. ಸ್ಕೋಪ್ 1–6 ಅಥವಾ 2–7 ಪಟ್ಟು ದೊಡ್ಡದಾಗಿ ತೋರಿಸುವಂಥದ್ದು, ಕಣ್ಣಿನಿಂದ ಕನಿಷ್ಠ ಒಂಬತ್ತು ಸೆಂಟಿಮೀಟರ್ ದೂರ ಸಿಗುವಂಥದ್ದು. ಕಳಚಬಲ್ಲ ಮೌಂಟ್ ಹಾಕಿಸಿ, ಕೆಳಗೆ ಸ್ಕೋಪಿಲ್ಲದೆ ಗುರಿ ಹಿಡಿಯಲು ನಳಿಗೆಯ ಕಬ್ಬಿಣದ ಗುರಿಕಣ್ಣುಗಳೂ ಇರಲಿ. ಕತ್ತರಿಸಿದ ಮಾಂಸದ ರಾಶಿಯ ಹತ್ತಿರ ಕರಡಿ ಬಂದಾಗ ಮಂಜು ಹಿಡಿದ ಸ್ಕೋಪ್ ಪ್ರಯೋಜನಕ್ಕೆ ಬರುವುದಿಲ್ಲ.

ರೈಫಲ್ ಕೈಗೆ ಬಂದ ದಿನವೇ ಮದ್ದಿಲ್ಲದ ನಕಲಿ ತೋಟಾಗಳಿಂದ ಮ್ಯಾಗಜೀನ್ ತುಂಬಿ. ಮೌಸರಿನ ಬೋಲ್ಟಿನ ಮೇಲಿರುವ, ತೋಟಾ ಹೊರಗೆಳೆಯುವ ಉದ್ದ ಉಗುರು ತೋಟಾದ ಅಂಚನ್ನು ಮ್ಯಾಗಜೀನಿನಿಂದ ಏಳುವಾಗಲೇ ಹಿಡಿಯುತ್ತದೆ. ಬೋಲ್ಟನ್ನು ನಿಧಾನಕ್ಕೆ ತಳ್ಳಿ ಅದು ಜಾರಿ ಕೂರುವುದನ್ನು ಕಣ್ಣಾರೆ ನೋಡಿ. ಆಮೇಲೆ ಜೋರಾಗಿ ತಳ್ಳಿ. ಆಮೇಲೆ ರೈಫಲನ್ನು ತಲೆಕೆಳಗು ಮಾಡಿ. ಮೊಂಡು ಮೂಗಿನ ಗುಂಡು ಎಲ್ಲಿಯೂ ತಡೆಯಬಾರದು. ಕೊನೆಯ ತೋಟಾ ಒಂದೇ ಒಂದು ಸಲ ಮುಗ್ಗರಿಸಿದರೂ ಹಣ ಕೊಡಬೇಡಿ, ವಾಪಸ್ ಕಳಿಸಿ. ಕಟ್ಟಿದವರು ಯಾರೇ ಆಗಿರಲಿ, ನಾನೇ ಆಗಿರಲಿ.

ಪ್ರಶ್ನೆ (ಸ್ಯಾನ್ ಹೋಸೆಯಿಂದ): ಕ್ಯಾಲಿಫೋರ್ನಿಯಾದಲ್ಲಿ ಕಾಡುಹಂದಿ ಬೇಟೆಗೂ ಇದೇ ರೈಫಲ್ ನಡೆಯುತ್ತದೆಯೇ? ಗುಂಡು ಯಾವುದು?

ಉತ್ತರ: ನಡೆಯುತ್ತದೆ. ಆದರೆ 2019ರ ಜುಲೈ 1ರಿಂದ ನಿಮ್ಮ ರಾಜ್ಯದಲ್ಲಿ ಯಾವ ಬೇಟೆಗೂ ಸೀಸದ ಗುಂಡು ಬಳಸುವಂತಿಲ್ಲ. ತಾಮ್ರದ ಗುಂಡು ತೆಗೆದುಕೊಳ್ಳಿ. ಅದೇ ತೂಕಕ್ಕೆ ತಾಮ್ರದ್ದು ಉದ್ದವಾಗುತ್ತದೆ, ಆದ್ದರಿಂದ 286ರ ಬದಲು 250 ಗ್ರೇನ್ ಸಾಕು; ಗುಂಡು ಚೂರಾಗದ ಕಾರಣ ಆಳಕ್ಕೇ ಹೋಗುತ್ತದೆ. ಸೀಸಕ್ಕೆ ನಿಷೇಧವಿಲ್ಲದ ಕಡೆ ನನ್ನ ಒಲವು ನಾಸ್ಲರ್ ಪಾರ್ಟಿಷನ್ ಕಡೆಗೆ. ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಒಂದರ ಮೇಲೆ ಗುಂಡುಗಳು ಒಳಗಿಳಿಯದೆ ಸೋತ ಮೇಲೆ ಜಾನ್ ನಾಸ್ಲರ್ ನಡುವೆ ತಾಮ್ರದ ಅಡ್ಡಗೋಡೆಯಿಟ್ಟು ರೂಪಿಸಿದ ಗುಂಡು ಅದು. ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ನುಗ್ಗುತ್ತದೆ.

ಪ್ರಶ್ನೆ (ಡಲ್ಲಾಸ್‌ನಿಂದ): ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಹೀಗೊಂದು ರೈಫಲ್ ಇಟ್ಟುಕೊಳ್ಳಬಹುದೇ? ಊರಿಗೆ ಹೋಗುವಾಗ ಒಯ್ಯಬಹುದೇ?

ಉತ್ತರ: ಫೆಡರಲ್ ಕಾನೂನಿನ ಪ್ರಕಾರ ತಾತ್ಕಾಲಿಕ ವೀಸಾದವರು ಕೋವಿಯನ್ನಾಗಲಿ ತೋಟಾಗಳನ್ನಾಗಲಿ ಹೊಂದುವಂತಿಲ್ಲ. ವಿನಾಯಿತಿಗಳಲ್ಲಿ ನಿಮಗೆ ಒದಗುವುದು, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ. ಅದರ ಅವಧಿ ಮುಗಿದ ಮರುದಿನ ಬೀರುವಿನಲ್ಲಿರುವ ರೈಫಲ್ಲೇ ಅಪರಾಧವಾಗುತ್ತದೆ, ಮತ್ತು ಅದು ವೀಸಾಕ್ಕೂ ತಟ್ಟುತ್ತದೆ. ನವೀಕರಣದ ದಿನಾಂಕವನ್ನು ಗೋಡೆಯ ಮೇಲೆ ಬರೆದಿಡಿ, ರಾಜ್ಯದ ಕಾನೂನನ್ನು ಪ್ರತ್ಯೇಕವಾಗಿ ನೋಡಿ, ಕೊಳ್ಳುವ ಮೊದಲು ವಲಸೆ ವಕೀಲರನ್ನೂ ಕೇಳಿ.

ಊರಿಗೆ ಒಯ್ಯುವ ವಿಚಾರ ಬಿಡಿ. 1972ರ ವನ್ಯಜೀವಿ ಕಾಯ್ದೆಯ ನಂತರ ಅಲ್ಲಿ ಇಂಥ ಬೇಟೆಯೇ ಇಲ್ಲ, ಇರಬಾರದು ಕೂಡ. ಕೊಡಗಿನ ಮನೆಗಳಲ್ಲಿ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜಿಸುವುದು ಬೇರೆ ಮಾತು.

ಐಡಾಹೋದವರಿಗೆ ಇನ್ನೊಂದು ವಿಷಯ. ಅಲಾಸ್ಕದಲ್ಲಿ ಹೊರರಾಜ್ಯದವರು ಕಂದು ಕರಡಿಯ ಬೇಟೆಗೆ ಮಾರ್ಗದರ್ಶಕರನ್ನೋ, ಅಲ್ಲೇ ನೆಲೆಸಿದ ಹತ್ತಿರದ ಸಂಬಂಧಿಕರನ್ನೋ ಜೊತೆಗೆ ಕರೆದೊಯ್ಯಲೇಬೇಕು. ಅಮೆರಿಕದ ಪ್ರಜೆಯಾದ ನಿಮಗೆ ಮೂಸ್‌ಗೆ ಆ ಕಡ್ಡಾಯವಿಲ್ಲ. ಆದರೆ ತಿನ್ನಬಹುದಾದ ಮಾಂಸವನ್ನೆಲ್ಲ ಹೊತ್ತು ತರುವುದು ಕಡ್ಡಾಯ. ಹೊಳೆಯ ದಂಡೆಯಿಂದ ಎಷ್ಟು ದೂರದವರೆಗೆ ಹೊರಬಲ್ಲಿರಿ ಎಂದು ಮೊದಲೇ ಲೆಕ್ಕ ಹಾಕಿ, ಅದಕ್ಕಿಂತ ಆಚೆ ನಿಂತ ಪ್ರಾಣಿಗೆ ಗುರಿ ಹಿಡಿಯಬೇಡಿ. ಆಕ್ಷನ್ನಿನ ಮೇಲಿರುವ ಮುದ್ರೆಗಳ ಚಿತ್ರ ಕಳಿಸಿದರೆ ಅದು ಯಾವ ಕಾರ್ಖಾನೆಯದೆಂದು ನೋಡಿ ಹೇಳುತ್ತೇನೆ.