ಗೋಡೆಯೊಳಗೆ ಪೈಪ್ ಸೋರಿ ಬೂಷ್ಟು ಹಿಡಿದಿದೆ, ಬ್ಲೀಚ್ ಒರೆಸಿ ಪೇಂಟ್ ಹೊಡೆದ್ರೆ ಸಾಕಾ?

ಒದ್ದೆಗೋಡೆ:
ನಮಸ್ಕಾರ ಎಲ್ರಿಗೂ. ಬಾತ್‌ರೂಮಿಗೂ ಬೆಡ್‌ರೂಮಿಗೂ ಮಧ್ಯೆ ಇರೋ ಗೋಡೆಯೊಳಗೆ ಪೈಪಿನ ಜಾಯಿಂಟ್ ಬಿಟ್ಟುಕೊಂಡಿತ್ತು, ಮನೆ ಬೀಗ ಹಾಕಿ ಹೋಗಿದ್ವಿ, ಅಷ್ಟೂ ದಿನ ನೀರು ಒಳಗೊಳಗೇ ಜಿನುಗಿದೆ. ಬಂದು ಬಾಗಿಲು ತೆಗೆದ್ರೆ ಮುಗ್ಗಲು ವಾಸನೆ ಮೂಗಿಗೆ ಬಡೀತು. ಪ್ಲಂಬರ್ ಬಂದು ಪೈಪ್ ಸರಿ ಮಾಡಿ ಹೋದ, ಈಗ ನೀರು ನಿಂತಿದೆ ಅಂತಾನೆ. ಆದ್ರೆ ಗೋಡೆಯ ಬುಡದಲ್ಲಿ ಮೊಣಕಾಲೆತ್ತರಕ್ಕೆ ಪೇಂಟ್ ಗುಳ್ಳೆ ಗುಳ್ಳೆ ಎದ್ದಿದೆ, ಅಲ್ಲಲ್ಲಿ ಕಪ್ಪು-ಹಸಿರು ಚುಕ್ಕೆ, ಒಂದು ಮೂಲೆಯಲ್ಲಿ ಬಿಳಿ ಹತ್ತಿ ಥರ ಏನೋ ಇದೆ. ಬೀರು ಸರಿಸಿ ನೋಡಿದ್ರೆ ಅದರ ಹಿಂದಿನ ಹಲಗೆಗೆ ಪೂರ್ತಿ ಬೂಷ್ಟು. ಮಂಚ ಅದೇ ಗೋಡೆಗೆ ಒತ್ತಿಕೊಂಡಿತ್ತು, ಹಾಸಿಗೆಯ ಒಂದು ಅಂಚು ನೀರು ಹೀರಿಕೊಂಡಿದೆ. ಪೇಂಟರ್ ಹೇಳೋದು ಬ್ಲೀಚ್ ಒರೆಸಿ ಮೇಲೆ ಡ್ಯಾಂಪ್ ಪ್ರೂಫ್ ಪೇಂಟ್ ಎರಡು ಕೋಟ್ ಹೊಡೆದ್ರೆ ಮುಗೀತು ಅಂತ. ಹಾಗೆ ಮಾಡ್ಬಹುದಾ? ಮನೇಲಿ ಆಸ್ತಮಾ ಇರೋ ಮಗು ಇದೆ, ಅದಕ್ಕೇ ಭಯ. ಈ ಕಪ್ಪು ಬೂಷ್ಟು ವಿಷ ಅಂತ ಬೇರೆ ಹೇಳ್ತಾರಲ್ಲ, ಲ್ಯಾಬಿಗೆ ಕಳಿಸಿ ಟೆಸ್ಟ್ ಮಾಡಿಸ್ಬೇಕಾ?

ಕರಣೆಕೈ:
ಪೇಂಟರ್ ಮಾತು ಸದ್ಯಕ್ಕೆ ಪಕ್ಕಕ್ಕಿಡಿ. ಒದ್ದೆ ಗೋಡೆ ಮೇಲೆ ಯಾವ ಪೇಂಟ್ ಹೊಡೆದ್ರೂ ಒಳಗಿನ ತೇವ ಹೊರಗೆ ಬರೋಕೆ ದಾರಿ ಹುಡುಕುತ್ತೆ, ದಾರಿ ಸಿಗದೇ ಇದ್ರೆ ಪೇಂಟನ್ನೇ ಎಬ್ಬಿಸುತ್ತೆ, ಇಲ್ಲಾ ಇನ್ನೂ ಒಂದಡಿ ಮೇಲಕ್ಕೆ ಹತ್ತುತ್ತೆ. ನಾನು ಗಾರೆ ಕೆಲಸದಲ್ಲೇ ಇರೋನು, ಇಂಥ ಗೋಡೆ ಬೇಕಾದಷ್ಟು ಕೆರೆದಿದ್ದೀನಿ.

ಮೊದಲು ನೀರು ನಿಜವಾಗ್ಲೂ ನಿಂತಿದೆಯಾ ಅಂತ ನೀವೇ ನೋಡ್ಕೊಳ್ಳಿ. ಮನೇಲಿರೋ ಎಲ್ಲಾ ನಲ್ಲಿ ಮುಚ್ಚಿ, ಫ್ಲಶ್ ಟ್ಯಾಂಕ್ ತುಂಬೋವರೆಗೆ ಕಾದು, ನೀರಿನ ಮೀಟರ್ ಇದ್ರೆ ಅದರ ಅಂಕಿ ಬರ್ಕೊಂಡು ಒಂದೆರಡು ಗಂಟೆ ಯಾರೂ ನೀರು ಮುಟ್ಟಬೇಡಿ. ಅಂಕಿ ಕದಲಿದ್ರೆ ಇನ್ನೂ ಎಲ್ಲೋ ಸೋರ್ತಿದೆ ಅಂತ ಲೆಕ್ಕ. ಇದು ಬಗೆಹರೀದೆ ಮುಂದಿಂದೆಲ್ಲಾ ದಂಡ. ಇನ್ನೊಂದು, ಆ ಗೋಡೆ ಬುಡದಲ್ಲಿ ಪ್ಲಗ್ ಪಾಯಿಂಟ್ ಇದ್ರೆ ಆ ಲೈನಿನ ಸ್ವಿಚ್ಚನ್ನ ಮೇನ್ ಬೋರ್ಡಲ್ಲೇ ಇಳಿಸಿಬಿಡಿ, ಎಲೆಕ್ಟ್ರಿಷಿಯನ್ ನೋಡೋವರೆಗೆ ಎತ್ತಬೇಡಿ.

ಆಮೇಲೆ ಗುಳ್ಳೆ ಎದ್ದಿರೋ ಪೇಂಟು, ಪುಟ್ಟಿ ಎರಡನ್ನೂ ಕೆರೆದು ತೆಗೀಬೇಕು, ಗುಳ್ಳೆ ಎಲ್ಲಿಗೆ ನಿಂತಿದೆಯೋ ಅದಕ್ಕಿಂತ ಒಂದಡಿ ಮೇಲಿನ ತನಕ. ಆ ಪೇಂಟ್ ಪದರ ಪ್ಲಾಸ್ಟಿಕ್ ಹಾಳೆ ಇದ್ದಂಗೆ, ಗೋಡೆಗೆ ಉಸಿರಾಡೋಕೆ ಬಿಡಲ್ಲ. ಆದ್ರೆ ಒಣ ಒಣ ಕೆರೀಬೇಡಿ ಮತ್ತೆ, ಮೇಲೆ ಸೋಪಿನ ನೀರು ಸ್ಪ್ರೇ ಮಾಡಿ ಒದ್ದೆ ಇರೋವಾಗ್ಲೇ ಕೆರೀರಿ. ಒಣಗಿದ ಬೂಷ್ಟನ್ನ ಬ್ರಶ್ಶಲ್ಲಿ ಉಜ್ಜಿದ್ರೆ ಅದರ ಬೀಜಕಣ ರೂಮೆಲ್ಲಾ ಹಾರುತ್ತೆ.

ಆ ಬಿಳಿ ಹತ್ತಿ ಬೂಷ್ಟು ಆಗಿರದೇನೂ ಇರ್ಬಹುದು. ಗಾರೆಯಲ್ಲಿರೋ ಉಪ್ಪು ನೀರಿನ ಜೊತೆ ಹೊರಗೆ ಬಂದು ಹಾಗೆ ಅರಳುತ್ತೆ. ಒಂದು ಹನಿ ನೀರು ಬಿಟ್ಟು ನೋಡಿ, ಕರಗಿದ್ರೆ ಉಪ್ಪು. ಬೆರಳಲ್ಲಿ ಉಜ್ಜಿದ್ರೂ ಉಪ್ಪು ಪುಡಿಪುಡಿ ಆಗುತ್ತೆ, ಬೂಷ್ಟು ಮೆತ್ತಿಕೊಳ್ಳುತ್ತೆ. ಗ್ಲೌಸ್ ಹಾಕ್ಕೊಂಡು ಮಾಡಿ.

ಬಿಳಿಬಾಟಲ್:
ನಮ್ಮನೇಲಿ ಯಾವಾಗ್ಲೂ ಬ್ಲೀಚೇ, ಒರೆಸಿದ ತಕ್ಷಣ ಕಪ್ಪೆಲ್ಲಾ ಮಾಯ. ಇಷ್ಟೆಲ್ಲಾ ಕೆರೆಯೋದು ಅತಿ ಆಯ್ತು ಅನ್ಸುತ್ತೆ ನಂಗೆ.

ಪಿಪೆಟ್ಟು:
ಮಾಯ ಆಗೋದು ಬಣ್ಣ ಮಾತ್ರ. ಬ್ಲೀಚಲ್ಲಿರೋ ಹೈಪೋಕ್ಲೋರೈಟ್ ಟೈಲ್ಸ್, ಗಾಜು, ಸಿಂಕ್ ಥರದ ನೀರು ಹೀರದ ಜಾಗದಲ್ಲಿ ಚೆನ್ನಾಗಿ ಕೆಲಸ ಮಾಡುತ್ತೆ, ಅದನ್ನ ಯಾರೂ ಇಲ್ಲ ಅನ್ನಲ್ಲ. ಆದ್ರೆ ಗಾರೆ, ಮರ, ಜಿಪ್ಸಮ್ ಬೋರ್ಡ್ ಇವೆಲ್ಲಾ ಹೀರೋ ವಸ್ತುಗಳು, ಅಲ್ಲಿ ಬ್ಲೀಚಿನ ಶಕ್ತಿ ಮೇಲ್ಮೈಯಲ್ಲೇ ಮುಗಿದುಹೋಗುತ್ತೆ, ಅದರ ಜೊತೆಗಿರೋ ನೀರು ಮಾತ್ರ ಒಳಗಿಳಿದು ಬೂಷ್ಟಿನ ಬೇರಿಗೆ ಇನ್ನಷ್ಟು ತೇವ ಕೊಡುತ್ತೆ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಕೂಡ ಬೂಷ್ಟು ತೆಗೆಯೋಕೆ ಬ್ಲೀಚನ್ನ ಮಾಮೂಲಿ ಉಪಾಯವಾಗಿ ಬಳಸಿ ಅಂತ ಹೇಳಲ್ಲ. ಸತ್ತ ಬೂಷ್ಟೂ ಅಲರ್ಜಿ ಎಬ್ಬಿಸುತ್ತೆ, ಹಂಗಾಗಿ ಕೊಂದ್ರೆ ಸಾಲದು, ಉಜ್ಜಿ ತೆಗೆದು ಹೊರಗೆ ಹಾಕ್ಬೇಕು. ಅದಕ್ಕೆ ಡಿಟರ್ಜೆಂಟ್ ಹಾಕಿದ ನೀರು, ಒಂದು ಗಟ್ಟಿ ಬ್ರಶ್ಶು, ಆಮೇಲೆ ಹಳೇ ಬಟ್ಟೆಯಲ್ಲಿ ಒರೆಸಿ ಒಣಗಿಸೋದು, ಇಷ್ಟೇ ಸಾಕು.

ಬಾತ್‌ರೂಮ್ ಕಡೆ ಟೈಲ್ಸಿಗೆ ಬ್ಲೀಚ್ ಹಾಕ್ಲೇಬೇಕು ಅನ್ಸಿದ್ರೆ ಸುಮಾರು 4 ಲೀಟರ್ ನೀರಿಗೆ ಒಂದು ಕಪ್ಪಿಗಿಂತ ಹೆಚ್ಚು ಬೇಡ, ಕಿಟಕಿ ತೆಗೆದಿರಲಿ. ಮತ್ತೆ ದಯವಿಟ್ಟು, ಬ್ಲೀಚ್ ಜೊತೆ ವಿನೆಗರ್ ಆಗಲಿ ಟಾಯ್ಲೆಟ್ ತೊಳೆಯೋ ಆಸಿಡ್ ಆಗಲಿ ಸೇರಿಸ್ಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತೆ. ಅಮೋನಿಯಾ ಇರೋ ಗ್ಲಾಸ್ ಕ್ಲೀನರ್ ಸೇರಿದ್ರೆ ಕ್ಲೋರಮೀನ್ ಅನ್ನೋ ಗ್ಯಾಸ್. ಎರಡೂ ಶ್ವಾಸಕೋಶ ಸುಡೋವು, ಚಿಕ್ಕ ಬಾತ್‌ರೂಮಲ್ಲಿ ಬಾಗಿಲು ಹಾಕ್ಕೊಂಡು ಉಜ್ಜೋರಿಗಂತೂ ಕೇಳೋದೇ ಬೇಡ. ವಿನೆಗರ್ ಒಂದನ್ನೇ ಬಳಸೋದು ಒಳ್ಳೇದಲ್ವಾ ಅಂತ ಯಾರಾದ್ರೂ ಕೇಳೋ ಮುಂಚೆ ಹೇಳಿಬಿಡ್ತೀನಿ, ಅದು ಆಸಿಡ್, ಸುಣ್ಣ-ಸಿಮೆಂಟಿನ ಗಾರೆಯನ್ನೂ ಮಾರ್ಬಲ್ಲನ್ನೂ ತಿನ್ನುತ್ತೆ.

ಬಿಳಿಬಾಟಲ್:
ಸರಿ ಬಿಡಿ, ನಾನು ಹೇಳಿದ್ದು ಟೈಲ್ಸ್ ವಿಷಯವೇ. ಗೋಡೆಗೆ ಹಾಕಿ ಗೊತ್ತಿಲ್ಲ.

ಉಬ್ಬಸ_ನೋಡಿದೋರು:
ಮಗು ವಿಷಯ ಯಾರೂ ಹೇಳ್ಲಿಲ್ಲ, ಅದಕ್ಕೆ ಬರೀತಿದ್ದೀನಿ. ಕೆಲಸ ಶುರು ಮಾಡೋ ಮೊದಲೇ ಮಗುವನ್ನ ಬೇರೆ ಮನೆಗೆ ಕಳಿಸಿ, ಪಕ್ಕದ ರೂಮಲ್ಲಿ ಕೂರಿಸೋದು ಬೇಡ. ಕೆರೆಯೋವಾಗ, ಬೀರು ಎಳೆಯೋವಾಗ ಗಾಳಿಗೆ ಬರೋ ಬೂಷ್ಟಿನ ಕಣ ಉಳಿದ ದಿನಕ್ಕಿಂತ ಎಷ್ಟೋ ಪಾಲು ಹೆಚ್ಚು. ಆಸ್ತಮಾ ಇರೋರು, ಕ್ಯಾನ್ಸರ್ ಟ್ರೀಟ್‌ಮೆಂಟಲ್ಲಿರೋರು, ಅಂಗ ಕಸಿ ಆಗಿ ರೋಗನಿರೋಧಕ ಶಕ್ತಿ ತಗ್ಗಿಸೋ ಮಾತ್ರೆ ತಗೊಳ್ಳೋರು ಈ ಕೆಲಸಕ್ಕೆ ಕೈ ಹಾಕ್ಲೇಬಾರದು. ಮಾಡೋರು ಎನ್95 ಮಾಸ್ಕ್ ಹಾಕ್ಕೊಳ್ಳಿ, ಬಟ್ಟೆ ಮಾಸ್ಕ್, ಕರ್ಚೀಫು ಇವೆಲ್ಲಾ ಲೆಕ್ಕಕ್ಕಿಲ್ಲ. ರಬ್ಬರ್ ಗ್ಲೌಸ್, ಕಣ್ಣಿಗೆ ಗಾಳಿತೂತು ಇಲ್ಲದ ಕನ್ನಡಕ. ರೂಮಿನ ಬಾಗಿಲ ಸಂದಿಗೆ ಟೇಪ್ ಹಾಕಿ, ಎಸಿ ಆಫ್, ಸೀಲಿಂಗ್ ಫ್ಯಾನ್ ಆಫ್. ಕಿಟಕಿಯಲ್ಲಿ ಒಂದು ಟೇಬಲ್ ಫ್ಯಾನ್ ಹೊರಗೆ ಮುಖ ಮಾಡಿ ಇಟ್ಟು ಓಡಿಸಿದ್ರೆ ರೂಮಿನ ಗಾಳಿ ಆಚೆ ಹೋಗುತ್ತೆ.

ಕಪ್ಪು ಅಂದ ತಕ್ಷಣ ವಿಷ ಅಂತಲ್ಲ, ಬಣ್ಣ ನೋಡಿ ಯಾವ ಜಾತಿ ಅಂತ ಹೇಳೋಕಾಗಲ್ಲ. ಜನ ಹೆದರೋ ಸ್ಟ್ಯಾಕಿಬಾಟ್ರಿಸ್ ಅನ್ನೋ ಕಪ್ಪು ಬೂಷ್ಟು ಬರೋದು ಕಾಗದ, ಬೋರ್ಡ್ ಥರದ್ದು ಬಹಳ ದಿನ ನೆನೆದೇ ಇದ್ದಾಗ, ಮಾಮೂಲಾಗಿ ಕಾಣೋ ಇನ್ನೊಂದು ಜಾತಿ ಕ್ಲಾಡೋಸ್ಪೋರಿಯಮ್ಮೂ ಕಪ್ಪಾಗೇ ಇರುತ್ತೆ. ಯಾವ್ದೇ ಆದ್ರೂ ತೆಗೆಯೋ ಕೆಲಸ ಒಂದೇ, ಹಾಗಾಗಿ ಲ್ಯಾಬ್ ಟೆಸ್ಟಿಗೆ ಕೊಡೋ ದುಡ್ಡಲ್ಲಿ ಒಳ್ಳೆ ಮಾಸ್ಕ್ ತಗೊಳ್ಳಿ. ಇಷ್ಟು ಬೂಷ್ಟಿದ್ರೆ ಸುರಕ್ಷಿತ ಅನ್ನೋ ಅಳತೆಯನ್ನ ಡಬ್ಲ್ಯೂಎಚ್ಓ 2009ರ ಮಾರ್ಗಸೂಚಿಯಲ್ಲೂ ಕೊಟ್ಟಿಲ್ಲ, ತೇವ ತಡೀರಿ ಅಂತಷ್ಟೇ ಹೇಳಿದ್ದು. ಮಗುವಿಗೆ ಈಗಾಗಲೇ ರಾತ್ರಿ ಕೆಮ್ಮು, ಇನ್ಹೇಲರ್ ಪದೇ ಪದೇ ಬೇಕಾಗೋದು ಶುರುವಾಗಿದ್ರೆ ಗೋಡೆ ಆಮೇಲೆ, ಡಾಕ್ಟರ್ ಮೊದಲು.

ಒದ್ದೆಗೋಡೆ:
ತುಂಬಾ ಥ್ಯಾಂಕ್ಸ್. ಮಗುವನ್ನ ಅಜ್ಜಿ ಮನೆಗೆ ಕಳಿಸಿದ್ವಿ. ಮೀಟರ್ ಕದಲಿಲ್ಲ. ಬಿಳೀದು ನೀರಿಗೆ ಕರಗಿಹೋಯ್ತು, ಉಪ್ಪೇ. ಈಗ ಹಾಸಿಗೆ, ಬೀರು, ಬೀರುವಿನೊಳಗಿನ ಬಟ್ಟೆ, ಕೆಳಗಿನ ಖಾನೆಯಲ್ಲಿದ್ದ ಪುಸ್ತಕ ಇವೆಲ್ಲಾ ಏನ್ಮಾಡೋದು? ಹಾಸಿಗೆ ಒಂದು ಅಂಚು ಮಾತ್ರ ತಾನೆ, ಬಿಸಿಲಿಗೆ ಹಾಕಿದ್ರೆ ಸಾಲದಾ? ಮತ್ತೆ ಇದನ್ನ ನಾವೇ ಮಾಡ್ಬಹುದಾ, ಇಲ್ಲಾ ಜನ ಕರೆಸ್ಬೇಕಾ?

ಕರಣೆಕೈ:
ಸುಮಾರು 10 ಚದರ ಅಡಿ ಒಳಗಿದ್ರೆ, ಅಂದ್ರೆ ಮೂರಡಿಗೆ ಮೂರಡಿ ಅಂದ್ಕೊಳ್ಳಿ, ಮನೆಯವರೇ ಮಾಡ್ಬಹುದು ಅನ್ನೋದು ಆ ಇಪಿಎ ಲೆಕ್ಕ. ಗೋಡೆ ಪೂರ್ತಿ ಹಬ್ಬಿದ್ರೆ, ಇಲ್ಲಾ ಬಂದಿದ್ದು ಚರಂಡಿ ನೀರಾಗಿದ್ರೆ ಗೊತ್ತಿರೋರನ್ನ ಕರೀರಿ. ನಿಮ್ಮದು ಶುದ್ಧ ನೀರಿನ ಪೈಪು, ಪುಣ್ಯ.

ಹಾಸಿಗೆ ಎಸೀರಿ. ಬೇಜಾರಾಗುತ್ತೆ ಗೊತ್ತು. ಒದ್ದೆಯಾದದ್ದು 24ರಿಂದ 48 ಗಂಟೆಯೊಳಗೆ ಒಣಗಿದ್ರೆ ಸರಿ, ಅದು ದಾಟಿದ್ರೆ ಬೂಷ್ಟು ಬೇರು ಬಿಡೋಕೆ ಶುರು, ನಿಮ್ಮದು ಅದಕ್ಕಿಂತ ಎಷ್ಟೋ ಹೆಚ್ಚು ನೆನೆದಿದೆ. ಬಿಸಿಲು ಹೊದಿಕೆ ಒಣಗಿಸುತ್ತೆ, ಒಳಗಿನ ಫೋಮ್, ಹತ್ತಿ ತಲುಪಲ್ಲ. ದಪ್ಪ ಪ್ಲಾಸ್ಟಿಕ್ಕಲ್ಲಿ ಸುತ್ತಿ ಟೇಪ್ ಹಾಕಿ ಆ ರೂಮಿಂದ ಹೊರಗೆ ತಗೊಂಡು ಹೋಗಿ, ಹಾಗೇ ಎಳ್ಕೊಂಡು ಹಾಲ್ ದಾಟಿಸ್ಬೇಡಿ.

ಬೀರು ಯಾವುದರದ್ದು ಅನ್ನೋದರ ಮೇಲೆ. ಗಟ್ಟಿ ಮರ ಆದ್ರೆ ಸೋಪಿನ ನೀರಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ, ಕಲೆ ಉಳಿದ್ರೆ ಸ್ವಲ್ಪ ಸ್ಯಾಂಡ್ ಪೇಪರ್ ಉಜ್ಜಿ, ಆಗ್ಲೂ ಮಾಸ್ಕ್ ಬೇಕು. ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಆದ್ರೆ ಬುಡ ಈಗಾಗಲೇ ಬ್ರೆಡ್ಡಿನಂಗೆ ಊದಿರುತ್ತೆ, ಅದು ಮತ್ತೆ ಗಟ್ಟಿ ಆಗೋ ಮಾತೇ ಇಲ್ಲ. ಹಿಂದಿನ ತೆಳು ಹಲಗೆ ಯಾವುದಾದ್ರೂ ಸರಿ, ಕಿತ್ತು ಹೊಸದು ಹೊಡೆಸಿ.

ಬಟ್ಟೆ ಬಚಾವ್. ಬಟ್ಟೆ ತಡ್ಕೊಳ್ಳೋವಷ್ಟು ಬಿಸಿ ನೀರಲ್ಲಿ ಒಗೆದು ಪೂರ್ತಿ ಒಣಗಿಸಿ, ವಾಸನೆ ಉಳಿದ್ರೆ ಇನ್ನೊಂದ್ಸಲ. ಆದ್ರೆ ಒಗೆದದ್ದನ್ನ ಅದೇ ರೂಮಿಗೆ ತಗೊಂಡು ಹೋಗಬೇಡಿ ಸದ್ಯಕ್ಕೆ.

ಹಳೇಪುಟ:
ಪುಸ್ತಕದ ಬಗ್ಗೆ ನಾನು ಹೇಳ್ತೀನಿ. ಇನ್ನೂ ತೊಯ್ದೇ ಇರೋದನ್ನ ತಕ್ಷಣ ಒಣಗಿಸೋಕೆ ಆಗದಿದ್ರೆ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಫ್ರೀಜರಲ್ಲಿಡಿ, ಬೂಷ್ಟು ಸಾಯಲ್ಲ ಆದ್ರೆ ಬೆಳೆಯೋದು ನಿಲ್ಲುತ್ತೆ, ನಿಮಗೆ ಟೈಮ್ ಸಿಗುತ್ತೆ. ಬರೀ ತೇವ ಆಗಿರೋದನ್ನ ಗಾಳಿ ಆಡೋ ಕಡೆ ನೆಟ್ಟಗೆ ನಿಲ್ಲಿಸಿ ಪುಟ ಬಿಡಿಸಿಡಿ. ಹೊಳೆಯೋ ಕಾಗದದ ಪುಸ್ತಕ ಅಂಟಿಕೊಂಡೇ ಒಣಗಿಬಿಟ್ಟಿದ್ರೆ ಮತ್ತೆ ಬಿಡಿಸೋಕೆ ಆಗಲ್ಲ. ಬೂಷ್ಟು ಮೇಲೇ ಕಾಣ್ತಿದ್ರೆ ಪೂರ್ತಿ ಒಣಗಿದ ಮೇಲೆ ಮನೆ ಹೊರಗೆ ಮಾಸ್ಕ್ ಹಾಕ್ಕೊಂಡು ಮೆತ್ತನೆ ಬ್ರಶ್ಶಲ್ಲಿ ದೂರಕ್ಕೆ ಗುಡಿಸಿ, ಒದ್ದೆ ಕಾಗದದ ಮೇಲೆ ಉಜ್ಜಿದ್ರೆ ಕಲೆ ಒಳಗೇ ಇಳಿಯುತ್ತೆ. ಗೋಡೆಗೆ ಒದ್ದೆ ಮಾಡಿ ತೆಗೀರಿ ಅಂದ್ರಲ್ಲ, ಪುಸ್ತಕಕ್ಕೆ ಉಲ್ಟಾ. ಮತ್ತೆ ಕೊಳ್ಳೋಕೆ ಸಿಗೋ ಪುಸ್ತಕಗಳನ್ನ ಸುಮ್ನೆ ಬಿಟ್ಟುಬಿಡಿ, ಆಸ್ತಮಾ ಇರೋ ಮನೇಲಿ ಅಷ್ಟು ಹಠ ಬೇಡ.

ಒದ್ದೆಗೋಡೆ:
ಕೆರೆದು ತೊಳೆದಾಯ್ತು. ಪುಟ್ಟಿ ಕೆಳಗೆ ಗಾರೆ ಕಂದು ಬಣ್ಣಕ್ಕೆ ತಿರುಗಿತ್ತು, ಉಗುರಲ್ಲಿ ಗೀರಿದ್ರೆ ಹಸಿ ಮಣ್ಣಿನ ಥರ ಉದುರ್ತಿತ್ತು, ಆ ಜಾಗ ಒಡೆಸಿ ತೆಗೆಸಿದ್ವಿ. ಈಗ ಗೋಡೆ ಮುಟ್ಟಿದ್ರೆ ಒಣಗಿದಂಗೇ ಇದೆ. ಪೇಂಟರ್ ದಿನಾ ಫೋನ್ ಮಾಡ್ತಿದ್ದಾನೆ, ಯಾವಾಗ ಬರ್ಲಿ ಅಂತ. ಗಾಳಿಯ ತೇವ ಹೀರೋ ಮಷಿನ್, ಡಿಹ್ಯುಮಿಡಿಫೈಯರ್ ಒಂದು ತಂದಿದ್ದೀವಿ, ಕಿಟಕಿ ತೆಗೆದು ಓಡಿಸ್ತಿದ್ದೀವಿ, ಸರಿ ತಾನೆ?

ಪಿಪೆಟ್ಟು:
ಕಿಟಕಿ ಮುಚ್ಚಿ ಓಡಿಸಿ. ತೆಗೆದಿಟ್ರೆ ಊರಿನ ಗಾಳಿಯನ್ನೆಲ್ಲಾ ಒಣಗಿಸೋಕೆ ಹೊರಟಂಗೆ ಆಗುತ್ತೆ. ಹೊರಗೆ ಒಣ ಹವೆ ಇದ್ದ ದಿನ ಮಷಿನ್ ಆಫ್ ಮಾಡಿ ಕಿಟಕಿ ತೆಗೀರಿ, ಮೋಡ ಮುಸುಕಿ ಹೊರಗೇ ತೇವ ಹೆಚ್ಚಿದ್ರೆ ಕಿಟಕಿ ಮುಚ್ಚಿ ಮಷಿನ್ ಹಾಕಿ. ತೇವಾಂಶ ತೋರಿಸೋ ಚಿಕ್ಕ ಮೀಟರ್ ಸಿಗುತ್ತೆ, ಅದು ಯಾವಾಗ್ಲೂ 60 ಪರ್ಸೆಂಟ್ ಕೆಳಗಿರ್ಬೇಕು, 30ರಿಂದ 50 ಇದ್ರೆ ಇನ್ನೂ ಒಳ್ಳೇದು. ಬೂಷ್ಟು ತೆಗೆದಾಗಿರೋದ್ರಿಂದ ಈಗ ಫ್ಯಾನನ್ನ ಗೋಡೆ ಕಡೆಗೇ ತಿರುಗಿಸಿ ಹಾಕ್ಬಹುದು.

ಕರಣೆಕೈ:
ಕೈಯಲ್ಲಿ ಮುಟ್ಟಿ ಹೇಳೋಕಾಗಲ್ಲ, ಮೇಲ್ಮೈ ಬೇಗ ಒಣಗಿಬಿಡುತ್ತೆ. ಒಂದಡಿ ಅಗಲದ ಪ್ಲಾಸ್ಟಿಕ್ ಹಾಳೆ ತಗೊಂಡು ನಾಲ್ಕೂ ಅಂಚಿಗೆ ಗಾಳಿ ಆಡದಂಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ, ಒಂದು ದಿನ ಬಿಟ್ಟು ನೋಡಿ. ಹಾಳೆಯ ಒಳಮೈಗೆ, ಅಂದ್ರೆ ಗೋಡೆ ಕಡೆಗೆ, ಹನಿ ಕೂತಿದ್ರೆ ಗೋಡೆ ಇನ್ನೂ ನೀರು ಬಿಡ್ತಿದೆ. ಹೊರಮೈಗೆ ಹನಿ ಇದ್ರೆ ಅದು ರೂಮಿನ ಗಾಳಿಯ ತೇವ, ಅದು ಬೇರೆ ಕಥೆ. ಇಟ್ಟಿಗೆ ಗೋಡೆ ಒಂದಿಂಚು ದಪ್ಪ ಒಣಗೋಕೆ ಸುಮಾರು ಒಂದು ತಿಂಗಳು ಅಂತ ನಮ್ಮ ಕಡೆ ಕೆಲಸದೋರು ಅಂದಾಜು ಹೇಳೋದು, ಫ್ಯಾನು ಮಷಿನ್ನು ಹಾಕಿದ್ರೆ ಬೇಗ ಆಗ್ಬಹುದು, ಆದ್ರೆ ಪೇಂಟರ್ ಅನ್ಕೊಂಡಿರೋ ಟೈಮಿಗಂತೂ ಆಗಲ್ಲ. ಗೋಡೆ ಹಂಗೇ ಬೋಳಾಗಿರ್ಲಿ, ಯಾರು ನೋಡೋಕೆ ಬರ್ತಾರೆ. ಹಾಳೆ ಸತತವಾಗಿ ಒಣಗೇ ಇದ್ರೆ ಆಗ ಗಾರೆ ಮೆತ್ತಿಸಿ, ಅದೂ ಒಣಗಿದ ಮೇಲೆ ಪುಟ್ಟಿ, ಪೇಂಟು. ಉಪ್ಪು ಮತ್ತೆ ಎದ್ರೆ ಒಣ ಬ್ರಶ್ಶಲ್ಲೇ ಗುಡಿಸಿ, ನೀರು ಹಾಕಿದ್ರೆ ಕರಗಿ ಮತ್ತೆ ಒಳಗೇ ಹೋಗುತ್ತೆ.

ಒದ್ದೆಗೋಡೆ:
ಹಾಳೆ ಅಂಟಿಸಿ ನೋಡಿದ್ವಿ, ಒಳಮೈಗೆ ಹನಿ ಹನಿ. ಪೇಂಟರ್‌ಗೆ ಸದ್ಯಕ್ಕೆ ಬೇಡ ಅಂದಿದ್ದೀನಿ, ಮುಖ ಊದಿಸ್ಕೊಂಡ. ಕೊನೇ ಪ್ರಶ್ನೆ, ಹೊಸ ಬೀರು ಅದೇ ಜಾಗದಲ್ಲಿ ಇಡ್ಬಹುದಾ?

ಕರಣೆಕೈ:
ಇಡಿ, ಗೋಡೆ ಒಣಗಿದ ಮೇಲೆ. ಗೋಡೆಗೂ ಬೀರುಗೂ ಮಧ್ಯೆ ಕೈ ತೂರೋವಷ್ಟು ಜಾಗ ಬಿಡಿ, ಕೆಳಗೆ ಕಾಲಿರೋ ಬೀರು ಸಿಕ್ಕಿದ್ರೆ ಅದನ್ನೇ ತಗೊಳ್ಳಿ. ಆಗಾಗ ಟಾರ್ಚ್ ಹಾಕಿ ಹಿಂದೆ ನೋಡ್ತಿರಿ.