ತಂದೆಯಿಂದ ಬಂದ ಮನೆ, ಅದರ ಮೇಲೆ ಬ್ಯಾಂಕ್ ಸಾಲ: ಮುಂಗಡ ಕೊಡಬಹುದೇ?

ಪ್ರಶ್ನೆ: ಚಿಕ್ಕಮಗಳೂರು ಟೀಚರ್

ನಾನು ಪ್ರೌಢಶಾಲಾ ಶಿಕ್ಷಕಿ. ಕಲ್ಯಾಣನಗರದಲ್ಲಿ 30×40ರ ನಿವೇಶನದಲ್ಲಿರುವ ಹಳೆಯ ಮನೆಯೊಂದನ್ನು ನಾನೂ ನಮ್ಮ ಯಜಮಾನರೂ ಒಪ್ಪಿದ್ದೇವೆ. 52 ಲಕ್ಷಕ್ಕೆ ಮಾತಾಗಿದೆ. ಇದರಲ್ಲಿ 38 ಲಕ್ಷ ಬ್ಯಾಂಕ್ ಸಾಲ, ಉಳಿದದ್ದು ನಮ್ಮ ಉಳಿತಾಯ.

ನಿವೇಶನವನ್ನು ಮಾರುವವರ ತಂದೆ 1991ರಲ್ಲಿ ತಮ್ಮ ಸಂಬಳದ ಹಣದಿಂದ ಕೊಂಡು, ಮನೆ ಕಟ್ಟಿಸಿದ್ದರು. ಅವರು ಉಯಿಲು ಬರೆಯದೆ 2011ರಲ್ಲಿ ತೀರಿಕೊಂಡರು. ಆಮೇಲೆ ಪೌತಿ ಖಾತೆ ಮಗನ ಹೆಸರಿಗೆ ಆಗಿದೆ. ತಾಯಿ ಮಗನ ಜೊತೆಗೇ ಇದ್ದಾರೆ. ಇಬ್ಬರು ಹೆಣ್ಣುಮಕ್ಕಳಿಗೆ ಮದುವೆಯಾಗಿದೆ. ದೊಡ್ಡವರಿಗೆ 1992ರಲ್ಲಿ ಆಯಿತಂತೆ.

ಮಗ ಈ ಮನೆಯ ಮೇಲೆ ಬೇರೊಂದು ಬ್ಯಾಂಕಿನಲ್ಲಿ ಸಾಲ ಮಾಡಿದ್ದಾರೆ, ಇನ್ನೂ 11 ಲಕ್ಷ ಬಾಕಿ ಇದೆ. ಮೂಲಪತ್ರಗಳು ಅಲ್ಲೇ ಇವೆ. 'ಆ 11 ಲಕ್ಷವನ್ನು ಮುಂಗಡವಾಗಿ ನನ್ನ ಖಾತೆಗೆ ಹಾಕಿ, ಸಾಲ ತೀರಿಸಿ ಪತ್ರ ಬಿಡಿಸಿಕೊಂಡು ಬರುತ್ತೇನೆ' ಎನ್ನುತ್ತಾರೆ. ಹೆಣ್ಣುಮಕ್ಕಳ ಸಹಿಯ ವಿಷಯ ಎತ್ತಿದರೆ ದಲ್ಲಾಳಿಯ ಉತ್ತರ: 'ಖಾತೆ ಇವರ ಹೆಸರಿಗೇ ಇದೆ, ಬ್ಯಾಂಕೇ ನಂಬಿ ಸಾಲ ಕೊಟ್ಟಿದೆ, ಇನ್ನೇನು ಬೇಕು?' ನಮ್ಮ ಜೀವಮಾನದ ದುಡಿಮೆ ಇದರಲ್ಲಿದೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಕಡೂರಿನವರು

ಮೇಡಂ, ಮಾರುವವರ ಕೈಗೆ 11 ಲಕ್ಷ ಕೊಡಬೇಡಿ. ಸಾಲ ಇರುವ ಖಾತೆಗೇ ನೇರವಾಗಿ ಕಟ್ಟಿ. ಖರ್ಚಿನ ಲೆಕ್ಕವನ್ನೂ ಈಗಲೇ ಹಾಕಿಕೊಳ್ಳಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1ರಿಂದ 2 ಪ್ರತಿಶತಕ್ಕೆ ಏರಿದೆ. ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿದರೆ ನಗರದಲ್ಲಿ 7.6 ಪ್ರತಿಶತ. 52 ಲಕ್ಷಕ್ಕೆ 3,95,200 ರೂಪಾಯಿ. ಇದಕ್ಕೆ ಸಾಲ ಸಿಗುವುದಿಲ್ಲ.

ಉತ್ತರ: ನಿವೃತ್ತ ಪತ್ರಬರಹಗಾರ

ಅಮ್ಮಾ, ಉಪನೋಂದಣಾಧಿಕಾರಿ ಕಚೇರಿಯ ಎದುರು ಕುಳಿತು ಕ್ರಯಪತ್ರ ಬರೆಯುತ್ತಲೇ ನನ್ನ ತಲೆ ನರೆತಿದೆ. ಹನ್ನೊಂದು ಲಕ್ಷದ ಮಾತು ಆಮೇಲೆ. ಮಾರುವವರಿಗೆ ಮಾರುವ ಹಕ್ಕು ಎಷ್ಟಿದೆ ಎಂಬುದನ್ನು ಮೊದಲು ನೋಡೋಣ. ಹಿಂದೂ ಕುಟುಂಬವೆಂದು ಭಾವಿಸಿ ಬರೆಯುತ್ತಿದ್ದೇನೆ.

ಖಾತೆ ಎಂಬುದು ಕಂದಾಯ ಯಾರು ಕಟ್ಟಬೇಕು ಎನ್ನುವುದಕ್ಕೆ ನಗರಸಭೆ ಇಟ್ಟುಕೊಂಡ ದಾಖಲೆ. ಇ-ಖಾತೆ ಇಲ್ಲದೆ ಈಗ ನೋಂದಣಿ ಆಗುವುದಿಲ್ಲ, ನಿಜ. ಆದರೆ ಖಾತೆ ಒಬ್ಬರ ಹೆಸರಿಗೆ ಬಂದ ಮಾತ್ರಕ್ಕೆ ಉಳಿದ ವಾರಸುದಾರರ ಹಕ್ಕು ಕರಗಿಹೋಗುವುದಿಲ್ಲ. ತಂದೆಯ ಸ್ವಯಾರ್ಜಿತ ಆಸ್ತಿ, ಉಯಿಲು ಇಲ್ಲ. ಹಾಗಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಮಿನಂತೆ ಹೆಂಡತಿ, ಮಗ, ಇಬ್ಬರು ಹೆಣ್ಣುಮಕ್ಕಳು ನಾಲ್ವರಿಗೂ ಸಮಪಾಲು. ನಿಮಗೆ ಮನೆ ಮಾರಲು ಬಂದಿರುವವರು ಅದರ ಕಾಲು ಭಾಗಕ್ಕೆ ಮಾತ್ರ ಒಡೆಯರು.

ದೊಡ್ಡ ಮಗಳ ಮದುವೆ 1992ರಲ್ಲಿ ಆಯಿತು ಎಂಬ ಮಾತು ಸುಮ್ಮನೆ ಬಂದಿಲ್ಲ. 1994ರ ಜುಲೈ 30ಕ್ಕೆ ಮೊದಲು ಮದುವೆಯಾದ ಹೆಣ್ಣುಮಕ್ಕಳಿಗೆ ಕರ್ನಾಟಕದ ಅಂದಿನ ತಿದ್ದುಪಡಿ ಪಾಲು ಕೊಟ್ಟಿರಲಿಲ್ಲ. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ತೆಗೆದುಹಾಕಿತು. ಆ ಚರ್ಚೆಯೆಲ್ಲ ಪಿತ್ರಾರ್ಜಿತ ಆಸ್ತಿಗೆ ಸಂಬಂಧಿಸಿದ್ದು. ತಂದೆ ಸ್ವಂತ ದುಡಿದು ಕೊಂಡದ್ದರಲ್ಲಿ ಮಗಳ ಪಾಲು 1956ರಿಂದಲೂ ಇದೆ, ಮದುವೆ ಯಾವ ವರ್ಷವೇ ಆಗಿರಲಿ. ಇಷ್ಟು ಹಳೆಯ ಕಾನೂನನ್ನು ಇಂದಿಗೂ ನಮ್ಮ ಊರುಗಳಲ್ಲಿ ಹೆಣ್ಣುಮಕ್ಕಳಿಂದ ಮುಚ್ಚಿಡುತ್ತಾರೆ. ನನಗೆ ಇದರ ಬಗ್ಗೆ ಸಿಟ್ಟಿದೆ.

ಆದ್ದರಿಂದ ವಂಶವೃಕ್ಷ ಮತ್ತು ತಂದೆಯ ಮರಣ ಪ್ರಮಾಣಪತ್ರ ಕೇಳಿ. ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳು ಒಂದೋ ಮಗನಿಗೆ ಹಕ್ಕು ಬಿಡುಗಡೆ ಪತ್ರವನ್ನು ನೋಂದಣಿ ಮಾಡಿಕೊಡಬೇಕು, ಇಲ್ಲವೇ ನಾಲ್ವರೂ ಮಾರಾಟಗಾರರಾಗಿ ನಿಮ್ಮ ಕ್ರಯಪತ್ರಕ್ಕೆ ಸಹಿ ಹಾಕಬೇಕು. ಎರಡನೆಯದೇ ನನಗೆ ಮೆಚ್ಚುಗೆ: ಯಾರಿಗೆ ಎಷ್ಟು ಹಣ ಹೋಯಿತು ಎಂಬುದು ಒಂದೇ ಪತ್ರದಲ್ಲಿ ಉಳಿಯುತ್ತದೆ. ಛಾಪಾ ಕಾಗದದ ಮೇಲೆ ನೋಟರಿ ಮಾಡಿಸಿದ 'ಒಪ್ಪಿಗೆ ಪತ್ರ' ತಂದರೆ ಒಪ್ಪಬೇಡಿ. ಸ್ಥಿರಾಸ್ತಿಯ ಹಕ್ಕನ್ನು ನೋಂದಣಿಯಾಗದ ಕಾಗದ ದಾಟಿಸುವುದಿಲ್ಲ.

ಇ.ಸಿ.ಯಲ್ಲಿ, ಅಂದರೆ ಋಣಭಾರ ಪ್ರಮಾಣಪತ್ರದಲ್ಲಿ, ಕಾಣುವುದು ನೋಂದಾಯಿತ ವ್ಯವಹಾರ ಮಾತ್ರ. ನ್ಯಾಯಾಲಯದಲ್ಲಿ ತಂಗಿಯರು ಹೂಡಿದ ಪಾಲುದಾವೆ ಅದರಲ್ಲಿ ಸಾಮಾನ್ಯವಾಗಿ ಕಾಣಿಸುವುದಿಲ್ಲ. ಇ-ಕೋರ್ಟ್ಸ್ ಜಾಲತಾಣದಲ್ಲಿ ನಾಲ್ವರ ಹೆಸರನ್ನೂ ಹುಡುಕಿಸಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸುಲಭವಾಗಿ ಸಿಗುವುದು 2004ರಿಂದ ಈಚಿನ ಇ.ಸಿ. ವಿವರ. 1991ರಿಂದ ಅಲ್ಲಿಯವರೆಗಿನದಕ್ಕೆ ಕಚೇರಿಯಲ್ಲೇ ಅರ್ಜಿ ಕೊಡಿ. ಚೆಕ್ಕುಬಂದಿಯನ್ನು (ನಾಲ್ಕು ದಿಕ್ಕಿನ ಗಡಿಯ ವಿವರ) 1991ರ ಪತ್ರದ ಜೊತೆ ಸಾಲು ಸಾಲಾಗಿ ಹೋಲಿಸಿ, ಸ್ಥಳಕ್ಕೆ ಹೋಗಿ ಅಳೆಯಿಸಿ.

'ಬ್ಯಾಂಕ್ ನಂಬಿದೆ' ಎಂಬ ವಾದಕ್ಕೆ: ಬ್ಯಾಂಕಿನ ವಕೀಲರು ಪತ್ರ ನೋಡುವುದು ಬ್ಯಾಂಕಿನ ಹಣ ಉಳಿಯಲೆಂದು. ನಿಮ್ಮ ಬ್ಯಾಂಕಿನವರೂ ಅಷ್ಟೇ. ನಿಮ್ಮ ಪರವಾಗಿ ನೋಡಲು ನಿಮ್ಮದೇ ವಕೀಲರು ಬೇಕು. ಅವರ ಶುಲ್ಕದಲ್ಲಿ ದಯವಿಟ್ಟು ಉಳಿತಾಯ ಮಾಡಬೇಡಿ.

ಉತ್ತರ: ಸಾಲ ವಿಭಾಗದಿಂದ

ಮೇಲಿನ ಹಿರಿಯರ ಮಾತು ಸರಿ. ಹಕ್ಕಿನ ವಿಷಯ ಬಗೆಹರಿದ ಮೇಲೆ ಹಣದ ದಾರಿ ಹೀಗಿರಲಿ. ಮಾರುವವರು ತಮ್ಮ ಬ್ಯಾಂಕಿನಿಂದ ಇಂಥ ದಿನದವರೆಗೆ ಇಷ್ಟು ಕಟ್ಟಿದರೆ ಸಾಲ ಚುಕ್ತಾ ಎಂಬ ಪತ್ರವನ್ನೂ ಅಲ್ಲಿರುವ ಮೂಲದಾಖಲೆಗಳ ಪಟ್ಟಿಯನ್ನೂ ತರಲಿ. ನಿಮ್ಮ ಬ್ಯಾಂಕ್ ಅದನ್ನು ನೋಡಿ, ಆ ಬ್ಯಾಂಕಿನ ಹೆಸರಿಗೆ, ಸಾಲದ ಖಾತೆ ಸಂಖ್ಯೆ ನಮೂದಿಸಿ ಡಿ.ಡಿ. ಕೊಡಬಹುದು. ಪತ್ರಗಳು ನೇರವಾಗಿ ನಿಮ್ಮ ಬ್ಯಾಂಕಿಗೆ ಬರುವಂತೆ ಎರಡೂ ಬ್ಯಾಂಕುಗಳಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ.

ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲಪತ್ರ ಮರಳಿಸಬೇಕು, ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬುದು 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮ. ಹಳೆಯ ಅಡಮಾನ ನೋಂದಣಿಯಾಗಿದ್ದರೆ ಅದರ ರದ್ದತಿಯೂ ನೋಂದಣಿಯಾಗಲೇಬೇಕು, ಇಲ್ಲದಿದ್ದರೆ ಇ.ಸಿ.ಯಲ್ಲಿ ಆ ಸಾಲ ಹಾಗೇ ಕಾಣುತ್ತಿರುತ್ತದೆ. ಆಸ್ತಿ ಅಡಮಾನಗಳ ಕೇಂದ್ರ ದಾಖಲೆಯಾದ ಸರ್ಸಾಯಿಯಲ್ಲಿಯೂ (CERSAI) ಹುಡುಕಿಸಿ.

ಇನ್ನೊಂದು: ಬೆಲೆ 50 ಲಕ್ಷ ಮುಟ್ಟಿರುವುದರಿಂದ, ಮಾರುವವರೆಲ್ಲರೂ ಭಾರತದಲ್ಲೇ ನೆಲೆಸಿದವರಾದರೆ, 1 ಪ್ರತಿಶತ, ಅಂದರೆ 52,000 ರೂಪಾಯಿಯನ್ನು ಅವರಿಗೆ ಕೊಡುವ ಹಣದಲ್ಲಿ ನೀವೇ ಹಿಡಿದು ಆದಾಯ ತೆರಿಗೆ ಇಲಾಖೆಗೆ ಕಟ್ಟಬೇಕು. ಮಾರುವವರ ಪ್ಯಾನ್ ಈಗಲೇ ಪಡೆಯಿರಿ.

ಚಿಕ್ಕಮಗಳೂರು ಟೀಚರ್

ಎಲ್ಲರಿಗೂ ವಂದನೆಗಳು. ತಾಯಿಯವರ ಪಾಲನ್ನು ನಾವು ಯಾರೂ ಯೋಚಿಸಿಯೇ ಇರಲಿಲ್ಲ. ದೊಡ್ಡ ಮಗಳಿಗೆ ಇಂದು ನಾನೇ ದೂರವಾಣಿ ಮಾಡಿದೆ. ಮನೆ ಮಾರಾಟಕ್ಕಿರುವುದೇ ಅವರಿಗೆ ಗೊತ್ತಿರಲಿಲ್ಲ! ಸಹಿ ಹಾಕಲು ಒಪ್ಪಿದ್ದಾರೆ. ಕಿರಿಯವರು ದುಬೈಯಲ್ಲಿದ್ದಾರೆ, ಬರಲು ಆಗುವುದಿಲ್ಲವಂತೆ. ಅಣ್ಣನಿಗೆ ಅಧಿಕಾರ ಪತ್ರ ಕಳಿಸಿದರೆ ಸಾಕೇ ಸರ್?

ನಿವೃತ್ತ ಪತ್ರಬರಹಗಾರ

ಸಾಕಾಗುತ್ತದೆ, ಆದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ಅಧಿಕಾರಿಯ ಎದುರು ಸಹಿ ಮಾಡಿ ದೃಢೀಕರಿಸಿರಬೇಕು. ಈ ಒಂದು ಮನೆಯನ್ನು, ಚೆಕ್ಕುಬಂದಿ ಸಮೇತ ಬರೆದು, ಮಾರಲು ಮಾತ್ರ ಅಧಿಕಾರ ಕೊಟ್ಟಿರಲಿ. ಭಾರತಕ್ಕೆ ಬಂದ 3 ತಿಂಗಳೊಳಗೆ ಅದಕ್ಕೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಅಣ್ಣನಿಗಿಂತ ಅಕ್ಕನಿಗೆ ಅಧಿಕಾರ ಕೊಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಆ ಹೆಣ್ಣುಮಗಳ ಪಾಲಿನ ಹಣವನ್ನು ಅವಳದೇ ಬ್ಯಾಂಕ್ ಖಾತೆಗೆ ಹಾಕಿಸಿ. ನೋಂದಣಿಯ ದಿನ ಬೆಳಿಗ್ಗೆ ಇ.ಸಿ.ಯನ್ನು ಇನ್ನೊಮ್ಮೆ ತೆಗೆಸಿ, ಅವಳಿಗೆ ವಿಡಿಯೊ ಕರೆ ಮಾಡಿ ಅಧಿಕಾರವನ್ನು ಹಿಂಪಡೆದಿಲ್ಲ ಎಂಬುದನ್ನು ಕೇಳಿ ಖಚಿತಪಡಿಸಿಕೊಳ್ಳಿ. ಕ್ರಯಪತ್ರದ ಕರಡು ಸಿದ್ಧವಾದಾಗ ಇಲ್ಲಿ ತಿಳಿಸಿ, ಹಕ್ಕು ಬಂದ ಬಗೆಯ ಭಾಗವನ್ನು ಹೇಗೆ ಬರೆಯಬೇಕೆಂದು ಹೇಳುತ್ತೇನೆ.